ಕೊಳದ ಮೀನಿಗೆ ಬಚ್ಚಲಲ್ಲಿ ಬಿಡಾರ

ಹೆಂಡತಿ: ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗಲೇಬೇಕು. ಈ ಬಚ್ಚಲಲ್ಲಿ ನಾನಿರಬೇಕು, ಇಲ್ಲ ನಿಮ್ಮ ಕಂಪನಿ ಇರಬೇಕು.

ಮ್ಯಾನೇಜರ್: ಮೆಲ್ಲಗೆ ಮಾತಾಡೇ. ಅದು ಕಂಪನಿ ಅಲ್ಲ, ಮೀನು.

ಹೆಂಡತಿ: ಕಂಪನಿ ದುಡ್ಡಲ್ಲಿ ಬಂದವು, ಕಂಪನಿ ಕೆಲಸಕ್ಕೆ ಹೋಗ್ತವೆ, ಕಂಪನಿ ಕೆಲಸದಲ್ಲೇ ಸಾಯ್ತವೆ. ಕಂಪನಿ ಅನ್ನೋಕೆ ಇನ್ನೇನಾಗಬೇಕು?

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಈತ ಪರಿಸರ ವಿಭಾಗದ ಮ್ಯಾನೇಜರ್. ವಿಭಾಗ ಎಂದರೆ ಈತನೊಬ್ಬನೇ. ಕಾರ್ಖಾನೆಯ ಕೊಳಚೆ ಹೊಳೆ ಸೇರುವ ಮುಂಚೆ ಹಿಂದುಗಡೆಯ ಒಂದು ಕೊಳದಲ್ಲಿ ನಿಲ್ಲುತ್ತದೆ. ಆ ಕೊಳದಲ್ಲಿ ಮೀನು ಓಡಾಡುವುದನ್ನು ತೋರಿಸಿ, ನೀರು ಶುದ್ಧವಾಗಿದೆ ಎಂದು ಸರ್ಕಾರದವರನ್ನು ಒಪ್ಪಿಸುವುದು ಕಂಪನಿಯ ಪದ್ಧತಿ. ಪದ್ಧತಿಯೇನೋ ಚೆನ್ನಾಗಿಯೇ ಇತ್ತು, ಮೀನುಗಳು ಸಹಕರಿಸುತ್ತಿರಲಿಲ್ಲ. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನಕ್ಕೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹಾಗಾಗಿ ಅವುಗಳ ವಾಸ, ಈತ ಹೆಂಡತಿ ಮಗಳ ಜೊತೆ ಇರುವ ಕಂಪನಿ ಕ್ವಾರ್ಟರ್ಸಿನ ಬಚ್ಚಲ ತೊಟ್ಟಿಯಲ್ಲಿ, ತನಿಖೆಯ ದಿನ ಮಾತ್ರ ಕೊಳದಲ್ಲಿ ಡ್ಯೂಟಿ. ಇವತ್ತು ತನಿಖೆ. ಪಾಸಾದರೆ ಈತನಿಗೆ ಬಡ್ತಿ. ಫೇಲಾದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು.

ಹೆಂಡತಿ: ಹೋದ ಸಲ ಹೋದವು ಅರ್ಧಕ್ಕರ್ಧ ವಾಪಸ್ಸೇ ಬರಲಿಲ್ಲ. ಆ ದಪ್ಪ ಮೂತಿಯವನು ನನ್ನ ಕೈಯಿಂದ ಬ್ರೆಡ್ಡು ತಿಂತಿದ್ದ, ಪಾಪ.

ಮ್ಯಾನೇಜರ್: ಈ ಸಲ ಹಾಗಾಗಲ್ಲ. ಕೊಳ ಖಾಲಿ ಮಾಡಿಸಿ, ಟ್ಯಾಂಕರಲ್ಲಿ ಕುಡಿಯೋ ನೀರು ತರಿಸಿ ತುಂಬಿಸಿದೀನಿ.

ಹೆಂಡತಿ: ಅಂದ್ರೆ ನೀರು ಕೊಳದ್ದಲ್ಲ.

ಮ್ಯಾನೇಜರ್: ಅಲ್ಲ.

ಹೆಂಡತಿ: ಮೀನೂ ಕೊಳದ್ದಲ್ಲ.

ಮ್ಯಾನೇಜರ್: ಅಲ್ಲ.

ಹೆಂಡತಿ: ಮತ್ತೆ ಪರೀಕ್ಷೆ ಯಾವುದಕ್ಕೆ?

ಮ್ಯಾನೇಜರ್: ಕೊಳಕ್ಕೆ! ಕೊಳ ನಮ್ಮದೇ ತಾನೆ? ತಗೋ, ಬಕೆಟ್ ಹಿಡ್ಕೋ. ಕೆಲಸದವರ ಕೈಗೆ ಕೊಟ್ರೆ ಊರೆಲ್ಲ ಡಂಗುರ.

ಹೆಂಡತಿಗೆ ಹೋಗಲು ಮನಸ್ಸಿರಲಿಲ್ಲ. ಆದರೆ ಮೀನುಗಳನ್ನು ಈತನೊಬ್ಬನ ಕೈಗೆ ಒಪ್ಪಿಸಲು ಅದಕ್ಕಿಂತಲೂ ಮನಸ್ಸಿರಲಿಲ್ಲ. ಇಬ್ಬರೂ ಬಕೆಟ್ಟಿನ ಒಂದೊಂದು ಬದಿ ಹಿಡಿದು ಹಿತ್ತಲ ಗೇಟು ದಾಟಿ, ಕೊಳದ ದಂಡೆಯಲ್ಲಿ ಕೂತು ಕೊನೆಯ ಮೀನನ್ನು ಬಿಡುತ್ತಿದ್ದಾಗ ಹಿಂದೆ ಯಾರೋ ಕೆಮ್ಮಿದರು. ತನಿಖಾಧಿಕಾರಿ. ಹೇಳಿದ ಹೊತ್ತಿಗಿಂತ ಮುಂಚೆ ಬರುವ ಅಧಿಕಾರಿಯನ್ನು ಮ್ಯಾನೇಜರ್ ಜನ್ಮದಲ್ಲಿ ಕಂಡಿರಲಿಲ್ಲ.

ಅಧಿಕಾರಿ: ಇವರು ಯಾರು?

ಮ್ಯಾನೇಜರ್: ಇವರಾ? ಇವರು ಮೀನು ತಜ್ಞರು ಸಾರ್. ಹೊರಗಿನಿಂದ ಕರೆಸಿದೀವಿ.

ಹೆಂಡತಿ: ಹೊರಗಿನಿಂದಲಾ? ಮದುವೆಯಾದಾಗಿಂದ ಒಳಗೇ ಬಿದ್ದಿದೀನಲ್ರೀ!

ಮ್ಯಾನೇಜರ್: ಅಂದ್ರೆ, ಈ ಕ್ಷೇತ್ರದ ಒಳಗೆ ಸಾರ್. ತುಂಬ ಅನುಭವ.

ಅಧಿಕಾರಿ: ಬಕೆಟ್ ಯಾಕೆ?

ಮ್ಯಾನೇಜರ್: ಆರೋಗ್ಯ ತಪಾಸಣೆ ಸಾರ್. ಆಗಾಗ ಮೀನುಗಳನ್ನ ಆಚೆ ತೆಗೆದು ಸ್ವಲ್ಪ ವಿಶ್ರಾಂತಿ ಕೊಡ್ತೀವಿ.

ಹೆಂಡತಿ: ನೌಕರರಿಗಿಲ್ಲದ ರಜೆ.

ಅಧಿಕಾರಿ ಸಂತೋಷವಾಗಿ ನಕ್ಕರು. ಮ್ಯಾನೇಜರ್ ಅವರನ್ನು ಪಕ್ಕದ ಶೆಡ್ಡಿಗೆ ಕರೆದೊಯ್ದು ನೀರು ಶುದ್ಧ ಮಾಡುವ ಯಂತ್ರ ತೋರಿಸಿದ. ಉದ್ಘಾಟನೆಯ ದಿನ ಓಡಿದ್ದ ಯಂತ್ರ ಅದು. ಕರೆಂಟು ತಿನ್ನುತ್ತದೆ ಎಂದು, ಚಪ್ಪಾಳೆ ನಿಲ್ಲುವ ಮುಂಚೆಯೇ ಧಣಿಗಳು ಅದನ್ನು ನಿಲ್ಲಿಸಿದ್ದರು.

ಅಧಿಕಾರಿ: ಎಷ್ಟು ಚೆನ್ನಾಗಿ ಇಟ್ಕೊಂಡಿದೀರ್ರೀ! ಹೊಸದರ ಹಾಗೇ ಇದೆ.

ಮ್ಯಾನೇಜರ್: ದಿನಾ ಒರೆಸ್ತೀವಿ ಸಾರ್. ನೀರಿನ ಸ್ಯಾಂಪಲ್ ತಗೋತೀರಾ?

ಅಧಿಕಾರಿ: ತಗೊಂಡು ಏನ್ಮಾಡಲಿ? ನಮ್ಮ ಆಫೀಸಿನ ಪರೀಕ್ಷೆ ಯಂತ್ರ ಕೆಟ್ಟು ಕೂತಿದೆ. ರಿಪೇರಿಗೆ ಅನುಮತಿ ಸಿಕ್ಕಿಲ್ಲ.

ಮ್ಯಾನೇಜರ್: ಯಾರು ಕೊಡಬೇಕು ಸಾರ್?

ಅಧಿಕಾರಿ: ನಾನೇ. ಆದ್ರೆ ನಾನು ಆಫೀಸಲ್ಲಿ ಸಿಗಬೇಕಲ್ಲ, ಯಾವಾಗ್ಲೂ ತನಿಖೆ ಮೇಲಿರ್ತೀನಿ. ಅದಕ್ಕೇ ಈಗ ಮೀನಿನ ಮೇಲೇ ಭಾರ ಹಾಕಿದೀನಿ.

ಮ್ಯಾನೇಜರನಿಗೆ ಹೋದ ಜೀವ ಬಂದಂತಾಯಿತು. ಆದರೆ ಆಚೆ ಬಂದು ನೋಡಿದರೆ ಹೆಂಡತಿ ದಂಡೆಯ ಗುಂಟ ನಡೆಯುತ್ತಿದ್ದಾಳೆ, ನೀರೊಳಗೆ ಮೀನುಗಳೆಲ್ಲ ಗುಂಪುಗೂಡಿ ಅವಳ ಬೆನ್ನು ಹತ್ತಿವೆ. ಅವಳು ನಿಂತರೆ ಅವೂ ನಿಲ್ಲುತ್ತಿದ್ದವು, ಬಾಯಿ ತೆರೆದುಕೊಂಡು.

ಅಧಿಕಾರಿ: ಆಹಾ! ಏನು ಮೇಡಂ ಇದು, ಇಷ್ಟೊಂದು ಸಲಿಗೆ?

ಹೆಂಡತಿ: ಸಲಿಗೆ ಇರದೇ ಇರುತ್ತಾ? ದಿನಾ ಬೆಳಿಗ್ಗೆ ನಾನು ಹಲ್ಲುಜ್ಜುವಾಗ ಇವಕ್ಕೆ ತಿಂಡಿ. ನನ್ನ ಮುಖ ತೊಳಿಯೋದೂ ಇವುಗಳ ಮುಂದೇನೇ.

ಅಧಿಕಾರಿ: ಹಲ್ಲುಜ್ಜೋದಾ? ಎಲ್ಲಿ, ಇಲ್ಲೇನಾ? ಈ ನೀರಲ್ಲೇನಾ?

ಹೆಂಡತಿ ಬಾಯಿ ತೆರೆದಳು. ಬಚ್ಚಲು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿದ್ದು ಮ್ಯಾನೇಜರನಿಗೆ ಕಂಡೇಬಿಟ್ಟಿತು. ಹಿಂದೆಮುಂದೆ ನೋಡದೆ ನಡುವೆ ಹಾರಿದ.

ಮ್ಯಾನೇಜರ್: ಹೌದು ಸಾರ್, ಈ ನೀರಲ್ಲೇ! ಅಷ್ಟು ಶುದ್ಧ! ನೋಡಿ ಬೇಕಾದ್ರೆ.

ಬೊಗಸೆ ತುಂಬ ಮೊಗೆದು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಇನ್ನೊಂದು ಬೊಗಸೆ ಕುಡಿದ. ಟ್ಯಾಂಕರಿನ ನೀರಲ್ಲವೇ, ಅವನ ಅಪ್ಪನ ಗಂಟೇನು ಹೋಗಬೇಕು!

ಅಧಿಕಾರಿ: ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿಲ್ಲ. ಪಾಸು! ಆದ್ರೆ ಒಂದು ಮಾತು. ಹೊಸ ಸುತ್ತೋಲೆ ಬಂದಿದೆ. ಕಾರ್ಖಾನೆ ನೀರು ಕುಡಿಯೋ ಮಟ್ಟಕ್ಕೆ ಶುದ್ಧವಾಗಿದ್ರೆ ಅದನ್ನ ಹೊಳೆಗೆ ಬಿಟ್ಟು ಪೋಲು ಮಾಡಬಾರದು. ಹತ್ತಿರದ ಮನೆ ನಲ್ಲಿಗೆ ಕೊಡಬೇಕು. ಹತ್ತಿರದ ಮನೆ ಯಾವುದು?

ಹೆಂಡತಿ: ಅಗೋ, ಆ ನೀಲಿ ಬಾಗಿಲಿನದು. ನಮ್ಮನೆ.

ಅಧಿಕಾರಿ: ನಿಮ್ಮನೆ ಇಲ್ಲೇನಾ?

ಹೆಂಡತಿ: ಇವರದೂ ಅದೇ. ಇವರು ನನ್ನ ಗಂಡ. ತಜ್ಞೆ ಆಗಿದ್ದು ಈಗ ತಾನೇ.

ಅಧಿಕಾರಿ: ಗಂಡ ಹೆಂಡತಿ ಇಬ್ಬರೂ ಪರಿಸರಕ್ಕೇ ಮುಡಿಪು! ಇವತ್ತೇ ಪೈಪು ಎಳೆಸಿ.

ಆಗಲೇ ಧಣಿಗಳ ಫೋನು ಬಂತು. ಅಧಿಕಾರಿ ತಾವೇ ಇಸಿದುಕೊಂಡು ಸುದ್ದಿ ಮುಟ್ಟಿಸಿ, ಮ್ಯಾನೇಜರನ ಕೈಗೆ ವಾಪಸ್ ಕೊಟ್ಟರು.

ಧಣಿ: ಭೇಷ್ ಕಣಯ್ಯಾ! ಕ್ವಾರ್ಟರ್ಸಿನ ನೀರಿನ ಬಿಲ್ಲೂ ಉಳೀತು. ಪ್ಲಂಬರ್‌ನ ಈಗಲೇ ಕಳಿಸ್ತೀನಿ. ನಿನ್ನ ಬಡ್ತಿ ಗ್ಯಾರಂಟಿ.

ಮ್ಯಾನೇಜರ್: ಸಾರ್, ಮನೆಗೆ ಬೇಡ ಸಾರ್. ಹೊಳೆಗೇ ಬಿಡೋಣ. ಕೆಳಗಿನ ಊರಿನವರು ಕುಡಿಯೋ ನೀರಲ್ವಾ, ಅವರಿಗೇ ಸಿಗಲಿ, ಪಾಪ.

ಅಧಿಕಾರಿ: ನೋಡಿ, ನೋಡಿ! ತಮಗೆ ಬಂದಿದ್ದನ್ನೂ ಊರಿಗೆ ಬಿಟ್ಟುಕೊಡ್ತಾರೆ. ಇಂಥವರಿಗೆ ಮೊದಲು ಸಿಗಬೇಕು ಕಣ್ರೀ. ನಾನಂತೂ ಆರ್ಡರ್ ಬದಲಾಯಿಸಲ್ಲ.

ಕಣ್ಣಂಚು ಒರೆಸಿಕೊಂಡು ಅಧಿಕಾರಿ ಜೀಪು ಹತ್ತಿದರು. ಧೂಳು ಅಡಗಿತು. ಗಂಡ ಹೆಂಡತಿ ಇಬ್ಬರೇ ಉಳಿದರು. ಸ್ವಲ್ಪ ಹೊತ್ತಿಗೆಲ್ಲ ಕಾರ್ಖಾನೆಯ ಕಡೆಯ ತೂಬು ತೆರೆದು, ನೇರಳೆ ಬಣ್ಣದ ನೀರು ಕೊಳದ ಮೂಲೆಗೆ ಬುಳುಬುಳು ಬೀಳತೊಡಗಿತು. ಹೆಂಡತಿ ಮೀನುಗಳನ್ನು ಒಂದೊಂದಾಗಿ ಬಕೆಟ್ಟಿಗೆ ತುಂಬಿಕೊಂಡಳು.

ಮ್ಯಾನೇಜರ್: ಏನೇ, ಏನಾದ್ರೂ ಮಾತಾಡೇ. ಬಯ್ಯಾದ್ರೂ ಬಯ್ಯಿ.

ಹೆಂಡತಿ: ಬಯ್ಯೋಕೆ ಏನಿದೆ? ಪ್ಲಂಬರ್ ಬರ್ತಾನೆ, ನಲ್ಲಿ ತಿರುಗಿಸ್ತಾನೆ, ಮಗಳು ಸ್ಕೂಲಿಂದ ಬಂದು ಲೋಟ ಹಿಡೀತಾಳೆ.

ಮ್ಯಾನೇಜರ್: ಥೂ, ಬಿಡ್ತು ಅನ್ನು!

ಹೆಂಡತಿ: ಹೊಳೆಗೆ ಬಿಡೋಣ ಅನ್ನುವಾಗ ಬಿಡ್ತು ಅನ್ನಲಿಲ್ಲ ನೀವು. ಕೆಳಗಡೆ ಲೋಟ ಹಿಡಿಯೋ ಮಕ್ಕಳಿಲ್ವಾ? ಇಷ್ಟು ದಿನ ನನಗೆ ನಿಮ್ಮ ಕೆಲಸ ನೋಡಿ ನಗು ಬರ್ತಿತ್ತು. ಇವತ್ತು ನಾಚಿಕೆ ಆಗ್ತಿದೆ.

ಆತನಿಗೂ ನಾಚಿಕೆಯಾಯಿತು. ನಾಚಿಕೆ ಆಗಬೇಕಾದರೆ ನೀರು ತನ್ನ ಮನೆಯ ತನಕ ಬರಬೇಕಾಯಿತಲ್ಲ ಎಂದು ಇನ್ನೂ ಸ್ವಲ್ಪ ಆಯಿತು. ದೂರದಲ್ಲಿ ಪೈಪು ಹೊತ್ತ ಪ್ಲಂಬರ್ ಶಿಳ್ಳೆ ಹಾಕುತ್ತ ಬರುತ್ತಿದ್ದ. ಈ ಕಾರ್ಖಾನೆಯಲ್ಲಿ ಧಣಿಗಳು ಹೇಳಿದ ಹೊತ್ತಿಗೆ ಆಗುವ ಕೆಲಸ ಅದೊಂದೇ ಇರಬೇಕು.

ಮ್ಯಾನೇಜರ್ ಶೆಡ್ಡಿಗೆ ಓಡಿದ. ಯಂತ್ರದ ಗುಂಡಿಯ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತೆಸೆದು ಗುಂಡಿ ಒತ್ತಿದ. ಯಂತ್ರ ಗುರುಗುಟ್ಟಿ, ಮೈ ಕೊಡವಿ, ಶೆಡ್ಡು ಅದುರುವಂತೆ ಓಡತೊಡಗಿತು. ಫೋನು ಹೊಡೆದುಕೊಳ್ಳಲು ನಿಮಿಷವೂ ಹಿಡಿಯಲಿಲ್ಲ.

ಧಣಿ: ಲೇ, ನನ್ನ ಕಿಟಕಿ ಗಾಜೆಲ್ಲ ಗಡಗಡ ಅಂತಿದೆ! ಯಂತ್ರ ಹಾಕಿದ್ಯಾ? ತನಿಖೆ ಮುಗೀತಲ್ಲಯ್ಯಾ! ಸಾಹೇಬರು ವಾಪಸ್ ಬಂದ್ರಾ?

ಮ್ಯಾನೇಜರ್: ಇಲ್ಲ ಸಾರ್.

ಧಣಿ: ಕೋರ್ಟಿಂದ ಏನಾದ್ರೂ ನೋಟಿಸು?

ಮ್ಯಾನೇಜರ್: ಇಲ್ಲ ಸಾರ್.

ಧಣಿ: ಪೇಪರ್‌ನವರು?

ಮ್ಯಾನೇಜರ್: ಯಾರೂ ಬಂದಿಲ್ಲ ಸಾರ್.

ಧಣಿ: ಮತ್ತೆ ಯಾತಕ್ಕೆ ಹಾಕಿದೆ ಅಂತೀನಿ, ದಂಡದ ಕರೆಂಟು!

ಮ್ಯಾನೇಜರ್: ನಮ್ಮನೇಲಿ ಬಾಯಾರಿಕೆ ಸಾರ್.