ಹೆಗಲಣ್ಣನ ಹಗುರ ಚೀಲ

ಎಲ್ಲಕ್ಕೂ ಮೂಲ ಒಂದು ಪಟ್ಟಿ. ಹಳೆಯ ಗಾಲ್ಫ್ ಚೀಲದ ಚರ್ಮದ ಹೆಗಲಪಟ್ಟಿ. ಎಷ್ಟೋ ವರ್ಷ ಯಾರಿಗೂ ಎದುರಾಡದೆ ದುಡಿದಿದ್ದ ಆ ಪಟ್ಟಿ, ಅವತ್ತು ಬೆಳಿಗ್ಗೆ ಮೂರನೆಯ ಕುಳಿಯ ಹತ್ತಿರ, ಇಳಿಜಾರಿನ ನಟ್ಟನಡುವೆ, ಹೇಳದೆ ಕೇಳದೆ ರಾಜೀನಾಮೆ ಕೊಟ್ಟುಬಿಟ್ಟಿತು. ಚೀಲ ದೊಪ್ಪನೆ ಬಿದ್ದು ಬಾಯಿ ಬಿಟ್ಟಿತು. ಒಳಗಿದ್ದ ಕೋಲುಗಳೆಲ್ಲ ಶಾಲೆ ಬಿಟ್ಟ ಮಕ್ಕಳ ಹಾಗೆ ಇಳಿಜಾರಿನಲ್ಲಿ ಓಡಿದವು. ಒಂದೆರಡು ತುಂಟ ಕೋಲುಗಳು ಸೀದಾ ಕೊಳಕ್ಕೇ ಇಳಿದವು.

ಅವುಗಳ ಹಿಂದೆ ಹೆಗಲಣ್ಣನೂ ಇಳಿದ. ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಸರಿನಲ್ಲಿ ಕೈಯಾಡಿಸುತ್ತಿದ್ದವನಿಗೆ ದಡದ ಮೇಲಿನಿಂದ ಡಾಕ್ಟರ ದನಿ ಕೇಳಿಸಿತು.

"ಸಾಕು ಬಿಡಪ್ಪ ಈ ಚೀಲದ ಸಹವಾಸ. ಇವತ್ತೇ ಹೊಸದು ತಗೊಳ್ಳೋಣ. ಒಳ್ಳೇದು, ಹಗುರವಾದ್ದು. ಹೊತ್ಕೊಂಡು ನಡೆಯೋಕೆ ಅಂತಲೇ ಮಾಡ್ತಾರಂತೆ ಈಗ."

ಕೆಸರಿನಲ್ಲಿ ಹೆಗಲಣ್ಣನ ಕೈಗೆ ಕೋಲು ಸಿಕ್ಕಿತು. ಎದೆಯೊಳಗೆ ಮಾತ್ರ ಏನೋ ಜಾರಿ ಹೋಯಿತು.

ಡಾಕ್ಟರು ನಿವೃತ್ತರಾದ ಮಕ್ಕಳ ಡಾಕ್ಟರು. ಹೆಗಲಣ್ಣ ಅವರ ಕ್ಯಾಡಿ. ಅಂದರೆ, ಅವರು ಚೆಂಡು ಹೊಡೆದು ಮುಂದೆ ನಡೆದರೆ ಇವನು ಚೀಲ ಹೊತ್ತು ಹಿಂದೆ ನಡೆಯುವವನು. ಮೈದಾನದಲ್ಲಿ ಉಳಿದ ದೊಡ್ಡವರೆಲ್ಲ ಬ್ಯಾಟರಿ ಗಾಡಿ ಹತ್ತಿ ಜುಯ್ಯನೆ ಹೋಗುವ ಕಾಲ ಬಂದರೂ ಡಾಕ್ಟರು ಗಾಡಿ ಹತ್ತಿದವರಲ್ಲ. "ಕಾಲಿರೋವಾಗ ಕೂತ್ಕೊಂಡು ಹೋಗೋದು ದೇವರಿಗೆ ಮಾಡೋ ಅವಮಾನ" ಎನ್ನುವರು. ಹೀಗೆ ನಡೆಯುತ್ತ ನಡೆಯುತ್ತ ಹೆಗಲಣ್ಣನ ಎಡ ಹೆಗಲು ಬಲ ಹೆಗಲಿಗಿಂತ ಕೆಳಗಿಳಿದು, ಅವನು ಸುಮ್ಮನೆ ನಿಂತರೂ ಗೋಡೆಯ ಮೇಲೆ ಓರೆಯಾಗಿ ತೂಗುವ ಚಿತ್ರಪಟದಂತೆ ಕಾಣುತ್ತಿದ್ದ. ನೋಡಿದವರಿಗೆಲ್ಲ ಅದನ್ನು ನೆಟ್ಟಗೆ ಮಾಡಬೇಕೆನ್ನಿಸುತ್ತಿತ್ತು. ಹೆಂಡತಿ ದಿನವೂ ಎಣ್ಣೆ ಹಚ್ಚಿ ತಿಕ್ಕಿ ನೋಡುತ್ತಿದ್ದಳು. "ನೋವಿದೆಯಾ?" ಎಂದು ಯಾರಾದರೂ ಕೇಳಿದರೆ ಅವನು, "ನೋವಾ? ಅದೇನು ಹಾಗಂದ್ರೆ?" ಎಂದು ನಗುವನು.

ಅವನ ಅಸಲು ಸಂಬಳ ಏಳನೆಯ ಕುಳಿಯ ದಿಬ್ಬದ ಮೇಲಿತ್ತು. ಆ ಏರು ಹತ್ತುವಾಗ ಡಾಕ್ಟರು ಅರ್ಧದಲ್ಲಿ ನಿಂತು, ತಮ್ಮ ತಾಯಿ ಹಿಂದೆ ರಾಗವಾಗಿ ಓದುತ್ತಿದ್ದ ಪದ್ಯವೊಂದನ್ನು ಎತ್ತುವರು.

"ಗಿರಿಯ ನೆತ್ತಿಯ ಮೇಲೆ ಸರಿದು ಹೋದ ಮುಗಿಲು..."

ಅಷ್ಟಕ್ಕೇ ನಿಂತುಬಿಡುವರು. ಮುಂದಿನದು ಮರೆಯಿತೋ, ಏದುಸಿರು ಹಾಡಲು ಬಿಡಲಿಲ್ಲವೋ, ಹೆಗಲಣ್ಣ ಕೇಳಿದವನಲ್ಲ. ಹಿಂದಿನಿಂದ ಅವನೇ ಮೆಲ್ಲಗೆ ಜೋಡಿಸುವನು:

"ಮರಳಿ ಬಂದಿತೆ ತನ್ನ ನೆರಳನರಸಿ."

"ಭೇಷ್!" ಎಂದು ಡಾಕ್ಟರು ಮತ್ತೆ ಹತ್ತುವರು. ಆ ಒಂದು ಭೇಷ್ ಮಾರನೆಯ ದಿನ ಅದೇ ದಿಬ್ಬದವರೆಗೆ ಹೆಗಲಣ್ಣನಿಗೆ ಸಾಕಾಗುತ್ತಿತ್ತು.

ಈಗ ಹಗುರವಾದ ಚೀಲ! ಹೊತ್ತುಕೊಂಡು ನಡೆಯಲೆಂದೇ ಮಾಡಿದ ಚೀಲ!

ಕ್ಯಾಡಿಗಳ ಶೆಡ್ಡಿನಲ್ಲಿ ಒದ್ದೆ ಪ್ಯಾಂಟು ಹಿಂಡುತ್ತ ಅವನು ವಿಷಯ ಹೇಳಿದ. ಹೇಳಬಾರದಿತ್ತು. ಅಲ್ಲಿ ಕೂತಿದ್ದವರಲ್ಲಿ ಒಬ್ಬ ರೇಡಿಯೊ. ಅವನ ಬಾಯಿಗೆ ಆಫ್ ಮಾಡುವ ಗುಂಡಿ ಇರಲಿಲ್ಲ. ಇನ್ನೊಬ್ಬ ಜಡ್ಜಿ. ಯಾರ ಮನೆಯ ಜಗಳವಾದರೂ ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುವವನು.

"ಮುಗೀತು ಹೆಗಲಣ್ಣ ನಿನ್ನ ಕತೆ" ಎಂದ ರೇಡಿಯೊ. "ಆ ಚೀಲಗಳನ್ನ ನೀನು ನೋಡಿಲ್ಲ. ಸ್ಕೂಲ್ ಬ್ಯಾಗಿನ ಹಾಗೆ ಎರಡೂ ಭುಜಕ್ಕೆ ಪಟ್ಟಿ. ಕೆಳಗಿಟ್ರೆ ಟಪ್ ಅಂತ ಎರಡು ಕಾಲು ಹೊರಗೆ ಬರುತ್ತೆ. ತಾನೇ ನಿಂತ್ಕೊಳ್ಳುತ್ತೆ! ಚೀಲ ತಾನೇ ನಿಂತ ಮೇಲೆ ನೀನು ನಿಂತ್ಕೊಂಡು ಏನು ಮಾಡ್ತೀಯ?"

"ನಮ್ಮ ಡಾಕ್ಟ್ರು ಅಂಥೋರಲ್ಲ."

"ಅಂಥೋರಲ್ಲ, ಒಪ್ಕೋತೀನಿ. ಆದ್ರೆ ಚೀಲ ಅಂಥಾದ್ದು! ಹಗುರ ಇದೆ ಅಂತ ಒಂದಿನ ತಾವೇ ಹಾಕ್ಕೋತಾರೆ. ಎರಡನೇ ದಿನ ಅಭ್ಯಾಸ ಆಗುತ್ತೆ. ಮೂರನೇ ದಿನ, ಹೆಗಲಣ್ಣ, ಮನೇಲಿ ರೆಸ್ಟ್ ತಗೋಪ್ಪ ಅಂತಾರೆ. ಎಷ್ಟು ಪ್ರೀತಿಯಿಂದ ಅಂತಾರೆ ಅಂದ್ರೆ ನಿನಗೆ ಅಳೋಕೂ ಆಗಲ್ಲ."

ಹೆಗಲಣ್ಣ ಜಡ್ಜಿಯ ಮುಖ ನೋಡಿದ. ಜಡ್ಜಿ ನಿಧಾನವಾಗಿ ಕಣ್ಣು ತೆರೆದ.

"ಅಂಗಡಿಗೆ ನಿನ್ನನ್ನೂ ಕರ್ಕೊಂಡು ಹೋಗ್ತಾರಾ?"

"ನೀನೇ ನೋಡಿ ಹೇಳು ಅಂದಿದಾರೆ."

"ಹಾಗಿದ್ರೆ ತೀರ್ಪು ಇಷ್ಟೇ. ಅಂಗಡೀಲಿ ಇರೋದ್ರಲ್ಲೆಲ್ಲ ಭಾರವಾದ ಚೀಲ ಹಗುರ ಆಗಬೇಕು. ಹಗುರವಾದ್ದು ಭಾರ ಆಗಬೇಕು. ಹೇಗೆ ಅನ್ನೋದು ನಿನಗೆ ಬಿಟ್ಟದ್ದು." ಹೀಗೆಂದು ಮತ್ತೆ ಕಣ್ಣು ಮುಚ್ಚಿದ.

ಮಧ್ಯಾಹ್ನ ಹೆಗಲಣ್ಣ ಡಾಕ್ಟರ ಕಾರಿನಲ್ಲಿ ಅಂಗಡಿಗೆ ಹೊರಟ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಗೊತ್ತಿಲ್ಲದವನು. ಹೆಂಡತಿ ಊಟಕ್ಕಿಟ್ಟದ್ದು ಸಪ್ಪೆಯಾಗಿದ್ದರೂ "ಚೆನ್ನಾಗಿದೆ" ಎನ್ನುವಾಗ ಕಿವಿ ಕೆಂಪಾಗಿ ಸಿಕ್ಕಿಬೀಳುವವನು. ಇವತ್ತು ಮೈಯೆಲ್ಲ ಸೇರಿ ಸುಳ್ಳು ಹೇಳಬೇಕಾಗಿತ್ತು.

ಅಂಗಡಿಯಲ್ಲಿ ಚೀಲಗಳು ಮದುವೆಗೆ ಬಂದ ನೆಂಟರ ಹಾಗೆ ಸಾಲಾಗಿ ನಿಂತಿದ್ದವು. ಮಾರಾಟದ ಹುಡುಗಿ ಡಾಕ್ಟರಿಗೆ ಕುರ್ಚಿ ಹಾಕಿದಳು. ಅವರು ಕನ್ನಡಕ ಒರೆಸಿಕೊಂಡು, ಆಸ್ಪತ್ರೆಯಲ್ಲಿ ಮುಂದಿನ ಮಗುವನ್ನು ಕರೆಯುವ ದನಿಯಲ್ಲಿ ಹೇಳಿದರು:

"ಹೂಂ, ಒಂದೊಂದೇ ಹಾಕ್ಕೊಂಡು ನಡೆದು ತೋರಿಸು. ನಿಜ ಹೇಳ್ಬೇಕು, ಆಯ್ತಾ?"

"ಖಾಲಿ ಚೀಲ ಎತ್ತಿ ನೋಡಿದ್ರೆ ಗೊತ್ತಾಗಲ್ಲ ಸರ್" ಎಂದು ಹುಡುಗಿ ಬೂದು ಬಣ್ಣದ ಚೀಲವೊಂದಕ್ಕೆ ಕೋಲುಗಳನ್ನು ತುಂಬಿದಳು. "ಇದು ನಮ್ಮಲ್ಲಿ ಎಲ್ಲಕ್ಕಿಂತ ಒಳ್ಳೇದು. ಮಳೆ ನೀರು ಒಳಗೆ ಹೋಗಲ್ಲ. ಬೆನ್ನಿಗೆ ಮೆತ್ತೆ ಇದೆ. ಕೆಳಗಿಟ್ರೆ, ನೋಡಿ" ಎನ್ನುವಷ್ಟರಲ್ಲಿ ಟಪ್ ಎಂದು ಎರಡು ಕಾಲು ಹೊರಬಂದವು. "ಯಾರೂ ಹಿಡ್ಕೊಳ್ಳೋದೇ ಬೇಡ!"

ಆ ಎರಡು ಸಣಕಲು ಕಾಲುಗಳನ್ನು ಹೆಗಲಣ್ಣ ಸವತಿಯನ್ನು ನೋಡಿದಂತೆ ನೋಡಿದ.

ಚೀಲ ಬೆನ್ನಿಗೇರಿತು. ಅಯ್ಯೋ ದೇವರೇ, ಅದು ಚೀಲವೇ? ಒಗೆದು ಒಣಗಿಸಿದ ಅಂಗಿಯ ಹಾಗಿತ್ತು. ಭಾರ ಎರಡೂ ಕಡೆಗೆ ಸಮನಾಗಿ ಹಂಚಿಹೋಗಿ, ಎಡ ಹೆಗಲು ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಉಸಿರಾಡಿತು. ಒಂದು ಕ್ಷಣ ಅವನಿಗೆ ಅಲ್ಲೇ ಕಣ್ಣು ಮುಚ್ಚಿ ನಿಂತುಬಿಡೋಣ ಎನ್ನಿಸಿತು. ಆಮೇಲೆ ದಿಬ್ಬ ನೆನಪಾಯಿತು.

"ಅಮ್ಮಾ..." ಎಂದು ನರಳಿದ.

"ಯಾಕೋ?"

"ಭಾರ, ಡಾಕ್ಟ್ರೇ. ವಿಪರೀತ ಭಾರ." ಎರಡು ಹೆಜ್ಜೆ ಇಟ್ಟು, ಸಾಲದೇನೋ ಎನ್ನಿಸಿ ಕುಂಟತೊಡಗಿದ.

"ಚೀಲ ಬೆನ್ನ ಮೇಲಿದ್ರೆ ಕಾಲು ಯಾಕೆ ಕುಂಟುತ್ತೆ?"

"ಭಾರ ಕೆಳಗಿಳೀತಾ ಇದೆ ಡಾಕ್ಟ್ರೇ."

ಹುಡುಗಿ ಬಾಯಿ ಬಿಟ್ಟು ನೋಡಿದಳು. ಇನ್ನೂ ಹಗುರವಾದ ನೀಲಿ ಚೀಲ ತಂದಳು. ಅದನ್ನು ಹೊತ್ತು ಹೆಗಲಣ್ಣ ಗೋಡೆ ಹಿಡಿದುಕೊಂಡು ನಡೆದ. ಹೋಗುವಾಗ ಕುಂಟಿದ ಕಾಲು ಬರುವಾಗ ಬದಲಾಗಿತ್ತು.

"ಅಂಕಲ್, ಇದನ್ನ ನಾನು ಒಂದು ಕೈಯಲ್ಲಿ ಎತ್ತುತೀನಿ!" ಎಂದು ಅವಳು ಎತ್ತಿಯೇ ತೋರಿಸಿದಳು.

"ನಿನ್ನ ವಯಸ್ಸು ಬೇರೆ ಕಣಮ್ಮ" ಎಂದು ಹೆಗಲಣ್ಣ ಹಣೆ ಒರೆಸಿಕೊಂಡ. ಕಿವಿಗಳು ಕೆಂಡದಂತೆ ಕೆಂಪಾಗಿದ್ದವು. ಡಾಕ್ಟರು ಕನ್ನಡಕದ ಮೇಲಿನಿಂದ ಆ ಕಿವಿಗಳನ್ನೇ ನೋಡುತ್ತಿದ್ದರು. ಹೊಟ್ಟೆನೋವೆಂದು ಶಾಲೆ ತಪ್ಪಿಸಿಕೊಂಡ ಮಕ್ಕಳನ್ನು ಜೀವಮಾನವೆಲ್ಲ ಕಂಡ ಕಣ್ಣುಗಳು ಅವು.

ಆಗ ಮೂಲೆಯಲ್ಲಿ ಅದು ಕಂಡಿತು. ಕಡುಗೆಂಪು ಬಣ್ಣದ ಭಾರೀ ಚೀಲ. ಪಟ್ಟಿ ಒಂದೇ. ಕಾಲುಗಳಿಲ್ಲ. ಮೈತುಂಬ ಜೇಬು. ತವರಿನಿಂದ ದೊಡ್ಡ ಬೀರು ತಂದ ಸೊಸೆಯಂತೆ ಗತ್ತಿನಿಂದ ನಿಂತಿತ್ತು.

"ಅದನ್ನೊಂದು ನೋಡ್ಲಾ ಡಾಕ್ಟ್ರೇ?"

"ಅದು ಗಾಡಿಯಲ್ಲಿ ಇಡೋದು ಅಂಕಲ್, ಹೊರೋದಕ್ಕಲ್ಲ! ನಾವೇ ಇಬ್ಬರು ಸೇರಿ ಸರಿಸ್ತೀವಿ."

ಹೆಗಲಣ್ಣ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಅದನ್ನು ಎಡ ಹೆಗಲಿಗೆ ಎತ್ತಿದ. ಬೆನ್ನುಮೂಳೆಯ ಪ್ರತಿಯೊಂದು ಮಣಿಯೂ ಬೇರೆಬೇರೆಯಾಗಿ ಅವನನ್ನು ಬೈಯಿತು. ಕಣ್ಣಲ್ಲಿ ನೀರು ತುಂಬಿತು. ಅವನು ನಕ್ಕ.

"ಹೂವು, ಡಾಕ್ಟ್ರೇ! ಹೂವಿನ ಹಾಗಿದೆ!"

ಬರೀ ಹೇಳಿದರೆ ಸಾಲದೆಂದು ಶಿಳ್ಳೆ ಹಾಕುತ್ತ ಅಂಗಡಿಯ ಉದ್ದಕ್ಕೂ ನಡೆದ. ಬಾಗಿಲಿನ ಮೆಟ್ಟಿಲು ಹತ್ತಿ ಇಳಿದ. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದ. ತಿರುಗಿದ್ದೇ ತಪ್ಪಾಯಿತು. ಅವನು ನಿಂತರೂ ಚೀಲ ನಿಲ್ಲಲಿಲ್ಲ. ಅದು ತನ್ನ ಪಾಡಿಗೆ ಇನ್ನರ್ಧ ಸುತ್ತು ಹೋಗಿ, ಚೆಂಡು ತುಂಬಿಟ್ಟಿದ್ದ ದೊಡ್ಡ ಬುಟ್ಟಿಯನ್ನು ಉರುಳಿಸಿತು. ಬಿಳಿಯ ಚೆಂಡುಗಳು ಅಂಗಡಿಯೆಲ್ಲ ಕುಣಿದಾಡಿದವು. ಹೆಗಲಣ್ಣ ಚೀಲ ಇಳಿಸಿ, ಕಪಾಟಿನ ಕೆಳಗೆಲ್ಲ ತೆವಳಿ ಚೆಂಡು ಆಯತೊಡಗಿದ. ಅವನಿಗೆ ಕೇಳಿಸಿದ್ದು ಡಾಕ್ಟರು ಹುಡುಗಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದು, ಆಮೇಲೆ ಗಟ್ಟಿಯಾಗಿ ಒಂದು ಮಾತು.

"ಇದನ್ನೇ ಕೊಡಮ್ಮ."

ಕಪಾಟಿನ ಕೆಳಗೆ, ಧೂಳಿನ ನಡುವೆ, ಹೆಗಲಣ್ಣನ ಕಣ್ಣು ಒದ್ದೆಯಾಯಿತು. ಗೆದ್ದಿದ್ದ.

ಡಾಕ್ಟರಿಗೆ ಮಾರನೆಯ ಬೆಳಗಿನವರೆಗೂ ತಡೆಯಲಾಗಲಿಲ್ಲ. ಬಿಸಿಲು ಇಳಿಯುತ್ತಲೇ ಹೊಸ ಚೀಲದೊಂದಿಗೆ ಮೈದಾನಕ್ಕೆ ಬಂದರು. ಅಂಗಡಿಯಲ್ಲಿ ಹಾಕಿಕೊಟ್ಟಿದ್ದ ಮಳೆಯ ಹೊದಿಕೆ ಇನ್ನೂ ಅದರ ಮುಂಭಾಗವನ್ನು ಮುಚ್ಚಿತ್ತು. ಶೆಡ್ಡಿನ ಬಾಗಿಲಲ್ಲಿ ರೇಡಿಯೊ ಮತ್ತು ಜಡ್ಜಿ ಸಾಕ್ಷಿಗೆ ನಿಂತರು.

"ಇಷ್ಟು ಹಗುರ ಅಂದ್ಯಲ್ಲ, ಅದಕ್ಕೇ ಇನ್ನೊಂದಿಷ್ಟು ಸಾಮಾನು ತಂದೆ" ಎಂದು ಡಾಕ್ಟರು ಉತ್ಸಾಹದಿಂದ ಪಕ್ಕದ ಜೇಬುಗಳನ್ನು ತುಂಬಿದರು. ಇಬ್ಬರಿಗೂ ನೆರಳಾಗುವ ದೊಡ್ಡ ಛತ್ರಿ. ಕಾಫಿಯ ಫ್ಲಾಸ್ಕು. ಮಡಚುವ ಕಬ್ಬಿಣದ ಸ್ಟೂಲು. "ಇದು ನಿನಗೆ. ನಾನು ಹೊಡೆಯೋವಾಗ ಸ್ವಲ್ಪ ಕೂತ್ಕೋ."

"ಕೂತ್ಕೋತೀನಿ ಡಾಕ್ಟ್ರೇ" ಎಂದ ಹೆಗಲಣ್ಣ, ಹೊರಡುವ ಮೊದಲೇ ಕೂರುವ ಆಸೆಯಿಂದ.

ಮೊದಲ ಕುಳಿಗೆ ಶಿಳ್ಳೆ ನಿಂತಿತು. ಮೂರನೆಯದಕ್ಕೆ ನಗು ನಿಂತಿತು. ಐದನೆಯದರ ಹೊತ್ತಿಗೆ ಬಲಗಾಲು ನಿಜವಾಗಿಯೇ ಕುಂಟತೊಡಗಿತು. ಮಧ್ಯಾಹ್ನ ಹೇಳಿದ್ದ ಸುಳ್ಳುಗಳನ್ನು ಕಾಲು ಒಂದೊಂದಾಗಿ ನಿಜ ಮಾಡುತ್ತಿತ್ತು. ಏಳನೆಯ ಕುಳಿಯ ದಿಬ್ಬದ ಬುಡದಲ್ಲಿ ಡಾಕ್ಟರು ನಿಂತರು.

"ಈಗ ಆ ಹೊದಿಕೆ ತೆಗಿ ನೋಡೋಣ."

ತೆಗೆದ. ಆಡುವವರು ತಮ್ಮ ಹೆಸರು ಹಾಕಿಸಿಕೊಳ್ಳುವ ಜಾಗದಲ್ಲಿ, ಕಡುಗೆಂಪಿನ ಮೇಲೆ ಬಿಳಿಯ ದಾರದಲ್ಲಿ ದಪ್ಪಗೆ ಹೊಲಿದಿತ್ತು: ಹೆಗಲಣ್ಣ.

"ಡಾಕ್ಟ್ರೇ, ಇದು... ನಿಮ್ಮ ಹೆಸರು ಇರ್ಬೇಕಾಗಿತ್ತು."

"ಹೊರೋನು ನೀನು, ಹೆಸರು ನಂದಾ? ಚೀಲ ತಗೊಂಡಿದ್ದೇ ನಿನಗೋಸ್ಕರ. ನಿನ್ನ ಎಡ ಹೆಗಲು ಇಳಿದಿರೋದು ನನಗೆ ಕಾಣಲ್ವಾ? ಅದಕ್ಕೇ ಎರಡು ಪಟ್ಟಿದು, ಹಗುರದ್ದು ಕೊಡಿಸೋಣ ಅಂತ ಹೋಗಿದ್ದು. ನಾನಿರೋವರೆಗೂ ನೀನು ಜೊತೆಗೆ ನಡೀಬೇಕಲ್ಲಪ್ಪ."

ಹೆಗಲಣ್ಣನಿಗೆ ಏದುಸಿರೂ ಮರೆತುಹೋಯಿತು.

"ಆದ್ರೆ ಅಂಗಡೀಲಿ ನೀನು ಶುರು ಮಾಡ್ದೆ ನೋಡು ನಾಟಕ!" ಡಾಕ್ಟರು ನಕ್ಕರು. "ಹಗುರದ್ದು ಹೊತ್ಕೊಂಡು ನರಳ್ತೀಯ, ಆ ಕೆಂಪು ಪರ್ವತ ಹೊತ್ಕೊಂಡು ಶಿಳ್ಳೆ ಹಾಕ್ತೀಯ. ನನ್ನ ಹತ್ರಾನಾ? ಎಷ್ಟು ಮಕ್ಕಳನ್ನ ನೋಡಿದೀನಿ! ಅಂಗಡೀಲಿ ಒಂದು ಗೊಂಬೆ ಮೇಲೆ ಮನಸ್ಸು ಬಿದ್ರೆ, ಬಾಯಿ ಬಿಟ್ಟು ಕೇಳೋಕೆ ನಾಚಿಕೆ ಆಗೋ ಮಗು ಹಿಂಗೇ ಮಾಡುತ್ತೆ. ತಕ್ಷಣ ಗೊತ್ತಾಯ್ತು, ನಿನಗೆ ಆ ಕೆಂಪು ಚೀಲದ ಮೇಲೆ ಆಸೆ ಅಂತ. ಸರಿ, ಹೆಗಲಿಗಿಂತ ಮನಸ್ಸು ದೊಡ್ಡದು ಅಂದ್ಕೊಂಡೆ. ತಗೊಂಡೆ."

"ಡಾಕ್ಟ್ರೇ... ಇದನ್ನ ಅಂಗಡಿಯೋರು... ಬದಲಾಯಿಸಿ..."

"ಹೆಸರು ಹೊಲಿದ ಮೇಲೆ ವಾಪಸ್ ತಗೊಳ್ಳಲ್ಲವಂತೆ. ಭಯಪಡಬೇಡ, ನಿನ್ನಿಂದ ಇದನ್ನ ಯಾರೂ ಕಿತ್ಕೊಳ್ಳಲ್ಲ."

ಅವರ ಮುಖದಲ್ಲಿದ್ದ ಸಂತೋಷ ನೋಡಿ ಹೆಗಲಣ್ಣ ಚೀಲವನ್ನು ಮತ್ತೆ ಹೆಗಲಿಗೇರಿಸಿದ. ಇಬ್ಬರೂ ದಿಬ್ಬ ಹತ್ತತೊಡಗಿದರು. ಅರ್ಧಕ್ಕೆ ಬಂದಾಗ ಡಾಕ್ಟರು ಎಂದಿನಂತೆ ನಿಂತು, ಸಂಜೆಯ ಮೋಡಗಳತ್ತ ಮುಖ ಮಾಡಿ ರಾಗವೆತ್ತಿದರು.

"ಗಿರಿಯ ನೆತ್ತಿಯ ಮೇಲೆ ಸರಿದು ಹೋದ ಮುಗಿಲು..."

ಹಿಂದಿನಿಂದ ಬರಬೇಕಾಗಿದ್ದ ಸಾಲು ಬರಲಿಲ್ಲ.

"ಮ... ಮರಳಿ... ಬಂ..." ಹೆಗಲಣ್ಣನಿಗೆ ಉಸಿರು ಸಾಲದಾಯಿತು. ಮುಖ ಚೀಲದ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರು ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವೇ, ಒಂದಕ್ಷರವೂ ತಪ್ಪದೆ, ತೊಟ್ಟಿಲು ತೂಗುವ ಮೆಲುದನಿಯಲ್ಲಿ ಮುಗಿಸಿದರು.

"ಮರಳಿ ಬಂದಿತೆ ತನ್ನ ನೆರಳನರಸಿ."

ಹೆಗಲಣ್ಣ ಬೆಪ್ಪಾಗಿ ನೋಡಿದ. ಇಷ್ಟು ವರ್ಷವೂ ಅವರಿಗೆ ಅದು ಮರೆತಿರಲೇ ಇಲ್ಲ.

"ಏನಪ್ಪಾ, ಸಾಲು ಮರೆತ್ಯಾ? ಇಲ್ಲಾ ಚೀಲ ಭಾರ ಆಯ್ತಾ?"

ಕೆಳಗೆ ಶೆಡ್ಡಿನ ಬಾಗಿಲಲ್ಲಿ ರೇಡಿಯೊ ಕೈಬೀಸುತ್ತಿದ್ದ. ಹೆಗಲಣ್ಣ ಎಡ ಹೆಗಲನ್ನು ಒಂದಿಷ್ಟು ಮೇಲೆತ್ತಿ, ಕಣ್ಣು ಒರೆಸಿಕೊಂಡು, ಕೆಂಪು ಕಿವಿಗಳೊಂದಿಗೆ ಹೇಳಿದ:

"ಚೀಲ ಹೂವು, ಡಾಕ್ಟ್ರೇ. ಪದ್ಯಾನೇ ಸ್ವಲ್ಪ ಭಾರ."