ಬಾಮೈದನ ರಾಕ್ ಹಾಡಿಗೆ ಅರ್ಥ ಹೇಳಿದ್ದು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ದೊಡ್ಡ ಕವಿಗಳನ್ನು ಕಂಡು, ಪ್ರಶಸ್ತಿ ಹೊಡೆದುಕೊಂಡವರನ್ನು ಕಂಡು ಕರುಬಿದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಸ್ವಂತ ಹೆಂಡತಿಯ ತಮ್ಮನನ್ನು ಕಂಡು, ಅದರಲ್ಲೂ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಓದಿ, ಕನ್ನಡ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನನ್ನು ಕಂಡು ಕರುಬಿದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಆದರೆ ನಿಮ್ಮ ಹತ್ತಿರ ಸುಳ್ಳು ಯಾಕೆ, ಕರುಬಿದೆ. ಎಂ.ಸಿ.ಸಿ. 'ಬಿ' ಬ್ಲಾಕ್ ಬಡಾವಣೆಯಲ್ಲಿ ನಮ್ಮ ಮನೆಗೆ ಎರಡು ಹೆಜ್ಜೆ ದೂರದ ಡಾಕ್ಟರ ಹತ್ತಿರ ಹೋಗಿ ಎದೆಯಿಂದ ಕೆಳಗೆ ಉರಿಯುತ್ತದೆ ಎಂದೆ. ಅವರು ಮೆಣಸಿನಕಾಯಿ ಬಿಡಿ ಎಂದರು. ಬಿಟ್ಟೆ. ಉರಿ ನನ್ನನ್ನು ಬಿಡಲಿಲ್ಲ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ಬಿಸಿರಕ್ತದ ವಯಸ್ಸಿನಲ್ಲಿ 'ಬೆಂಕಿಗೆ ಬಾಯಿ ಬಂದಾಗ' ಎಂಬ ಕವನ ಸಂಕಲನ ತಂದಿದ್ದೆ. ವ್ಯವಸ್ಥೆಯನ್ನು ಸುಟ್ಟು ಬೂದಿ ಮಾಡಬೇಕೆಂದೇ ಬರೆದದ್ದು. ವ್ಯವಸ್ಥೆಗೆ ಪ್ರತಿ ಸಿಕ್ಕಲಿಲ್ಲವೋ ಏನೋ, ಅದು ತನ್ನಷ್ಟಕ್ಕೆ ತಾನು ತಣ್ಣಗೆ ಇತ್ತು. ಅಟ್ಟದಲ್ಲಿ ಉಳಿದ ಪ್ರತಿಗಳನ್ನು ನಾನು ನೆಂಟರ ಮದುವೆಗಳಲ್ಲಿ ಉಡುಗೊರೆಯಾಗಿ ಕೊಡತೊಡಗಿದೆ. ಹೊಸ ದಂಪತಿ ಅದನ್ನು ಓದಿ ಏನಾದರೋ ತಿಳಿಯದು. ನಮ್ಮ ಕಡೆಯವರು ಲಗ್ನಪತ್ರಿಕೆಯಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚು ಹಾಕಿಸಲು ಶುರು ಮಾಡಿದ್ದು ನನ್ನಿಂದಲೇ ಎಂದು ನನ್ನ ಹೆಂಡತಿ ಗಿರಿಜಾ ಇಂದಿಗೂ ಹೇಳುತ್ತಾಳೆ.

ಅವಳ ತಮ್ಮ ಕೊಟ್ರೇಶ ಹರಿಹರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಸೇರಿದವನು ಸುಮ್ಮನೆ ಕೆಲಸ ಮಾಡಿಕೊಂಡಿರಬೇಕೋ ಬೇಡವೋ? ಕೂದಲು ಭುಜದ ತನಕ ಬಿಟ್ಟ, ಗಿಟಾರು ಹಿಡಿದ, ಮೂವರು ಸ್ನೇಹಿತರನ್ನು ಕಟ್ಟಿಕೊಂಡು 'ತುಂಗಭದ್ರಾ ಥಂಡರ್' ಎಂಬ ರಾಕ್ ತಂಡ ಮಾಡಿದ. ನಮ್ಮೂರು ಜಿಲ್ಲೆಯಾದ ಹೊಸತು ಅದು. ಈ ತಂಡದವರು 'ಜಿಲ್ಲಾ ಬಂತು ಜಿಲ್ಲಾ' ಎಂದು ಕ್ಯಾಸೆಟ್ಟೇ ತಂದುಬಿಟ್ಟರು. ಅದರ ಮೊದಲ ಹಾಡು 'ಜಿಲ್ಲಾ ಬಂತು ಜಿಲ್ಲಾ, ನಲ್ಯಾಗ ನೀರೇ ಇಲ್ಲ' ಎಂದು ಶುರುವಾಗುತ್ತಿತ್ತು. ಎಂಟು ಹಾಡುಗಳಲ್ಲೂ ರಾಜಕೀಯದವರಿಗೆ ಮಂಗಳಾರತಿ. ನನ್ನ ಬೆಂಕಿಯನ್ನು ಒಂದು ದಿನವೂ ಮುಟ್ಟಿ ನೋಡದ ಗಿರಿಜಾ ರೊಟ್ಟಿ ತಟ್ಟುತ್ತಾ ಆ ಕ್ಯಾಸೆಟ್ಟನ್ನು ಎರಡೂ ಕಡೆ ತಿರುಗಿಸಿ ಹಾಕುತ್ತಿದ್ದಳು. ರೊಟ್ಟಿಯ ತಾಳಕ್ಕೂ ಡ್ರಮ್ಸಿನ ತಾಳಕ್ಕೂ ಚೆನ್ನಾಗಿ ಹೊಂದುತ್ತಿತ್ತು. ಅದೂ ನನ್ನನ್ನು ನೋಯಿಸಿತು.

ಒಂದು ಸಮಾಧಾನವಿತ್ತು. ಗಿಟಾರಿನ ಗದ್ದಲದಲ್ಲಿ ಒಂದು ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಡುಗಡೆ ಸಮಾರಂಭಕ್ಕೆ ಕರೆಯಲು ಬಂದಾಗ ಕೊಟ್ರೇಶನೇ ಒಪ್ಪಿಕೊಂಡ. "ಭಾವ, ನೀವು ನಾಕು ಮಾತು ಆಡಬೇಕ್ರಿ. ಹಾಡಿನ ಅರ್ಥ ನಮ್ಮ ಅವ್ವಗೂ ಆಗ್ತಿಲ್ಲ. ಗಮಕದಾಗ ಒಬ್ರು ಹಾಡ್ತಾರೆ, ಇನ್ನೊಬ್ರು ಅರ್ಥ ಹೇಳ್ತಾರಲ್ಲ, ಹಂಗೆ ಹೇಳಿಬಿಡ್ರಿ" ಎಂದ. ಬಿಡುಗಡೆ ಮಾಡುವವರು ಯಾರು ಎಂದೆ. ನಮ್ಮ ವಾರ್ಡಿನ ಮೆಂಬರು ಎಂದು ಹೇಳಿ, ಹಾಡುಗಳನ್ನು ಬರೆದ ಹಾಳೆ ಕೊಟ್ಟ. ಎರಡನೆಯ ಹಾಡು 'ಬಿಳಿ ಅಂಗಿ ಕೊಕ್ಕರೆ' ಇದ್ದದ್ದೇ ಆ ಮೆಂಬರ ಮೇಲೆ. ಬೈದವರಿಂದಲೇ ಬಿಡುಗಡೆ ಮಾಡಿಸುವುದು ನಮ್ಮ ಕಡೆಯ ಮರ್ಯಾದೆ. ನನ್ನ ಉರಿಗೆ ಮದ್ದು ಡಾಕ್ಟರ ಹತ್ತಿರ ಇಲ್ಲ, ವೇದಿಕೆಯ ಮೇಲಿದೆ ಎಂದು ಹೊಳೆಯಿತು. ಕೊಕ್ಕರೆ ಯಾರು ಎಂದು ಬಿಡಿಸಿ ಹೇಳಿದರೆ ಸಾಕು, ಮೆಂಬರು ಸಿಡಿದೇಳುತ್ತಾರೆ, ಅಲ್ಲಿಗೆ ಥಂಡರ್ ಠುಸ್.

ಸಮಾರಂಭದ ದಿನ ತಂಡ ಆ ಹಾಡನ್ನು ಹಾಡಿತು. ಮೆಂಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು, ನಿದ್ದೆಯೋ ರಸಾನುಭವವೋ ತಿಳಿಯಲಿಲ್ಲ. ನಾನು ಮೈಕ್ ಹಿಡಿದೆ. "ಮಹನೀಯರೇ, ಈ ಕೊಕ್ಕರೆ ಹಕ್ಕಿಯಲ್ಲ. ಅದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದೆ. ಒಂದೇ ಕಾಲಲ್ಲಿ ಯಾಕೆ ನಿಂತಿದೆ ಅಂದರೆ, ಇನ್ನೊಂದು ಕಾಲು ಆಗಲೇ ಬೇರೆ ಪಕ್ಷದಲ್ಲಿದೆ. ಅದು ಇಲ್ಲೇ, ಈ ವೇದಿಕೆಯ ಮೇಲೇ, ಹಾರ ಹಾಕಿಸಿಕೊಂಡು ಕೂತಿದೆ" ಎಂದೆ. ಮೆಂಬರು ಕಣ್ಣು ಬಿಟ್ಟು ನನ್ನನ್ನು ನೋಡಿದರು, ತಮ್ಮ ಹಾರವನ್ನು ನೋಡಿಕೊಂಡರು, ಆಮೇಲೆ ತೊಡೆ ತಟ್ಟಿ ನಕ್ಕರು. "ನಾನಾ ಕೊಕ್ಕರೆ? ಇಷ್ಟು ವರ್ಷ ರಾಜಕೀಯ ಮಾಡೀನಿ, ಒಬ್ಬನಾದ್ರೂ ನನ್ನ ಮ್ಯಾಲೆ ಒಂದು ಪದ ಕಟ್ಟಿರಲಿಲ್ಲ ನೋಡ್ರಿ. ಏ ಕೊಟ್ರೇಶಿ, ಇನ್ನೊಂದು ಸಲ ಹಾಡಪ್ಪ, ಮೇಷ್ಟ್ರೇ, ನೀವು ಇನ್ನೊಂದು ಸಲ ಅರ್ಥ ಹೇಳ್ರಿ" ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನು ಎರಡನೆಯ ಸಲವೂ ಅರ್ಥ ಹೇಳಬೇಕಾಯಿತು.

ಮೂರೇ ದಿನಕ್ಕೆ ಪಕ್ಕದ ವಾರ್ಡಿನ ಮೆಂಬರು ನಮ್ಮ ಮನೆಗೆ ಬಂದರು. ಚಹಾ ಕುಡಿದು, "ಮೇಷ್ಟ್ರೇ, ನಮ್ಮ ಕಡೆನೂ ನೀರು ಬರಾದಿಲ್ಲ. ಅವ್ರನ್ನ ಅಷ್ಟು ಚಂದ ಬೈದೀರಿ, ನನ್ನ ಯಾಕ ಬಿಟ್ರಿ?" ಎಂದರು. ಅವರ ಮುಖದಲ್ಲಿದ್ದ ಸಂಕಟ ನನಗೆ ಹೊಸದೇನಲ್ಲ, ದಿನಾ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ಕಾಣುತ್ತಿದ್ದದ್ದೇ. ಒಂದೆರಡು ಮಾತು ಸಮಾಧಾನ ಹೇಳಿ ಕಳಿಸಿದೆ.

ಆಮೇಲಿನದು ಕೇಳಬೇಡಿ. ಗಣಪತಿ ಹಬ್ಬ ಬಂತು. ಕೂರಿಸಿದವರೆಲ್ಲ ಥಂಡರ್ ಬೇಕೆಂದರು, ಜೊತೆಗೆ "ಅರ್ಥ ಹೇಳೋ ಮೇಷ್ಟ್ರು ಇಲ್ದಿದ್ರೆ ಬ್ಯಾಡ" ಎಂದು ಕರಾರು ಹಾಕಿದರು. ದೇವರಾಜ ಅರಸು ಬಡಾವಣೆಯಲ್ಲಿ ಹೇಳಿದೆ, ಭಾನುವಳ್ಳಿಯಲ್ಲಿ ಹೇಳಿದೆ. ಒಂದೊಂದು ನುಡಿ ಮುಗಿದಾಗಲೂ ಗಿಟಾರು ನಿಲ್ಲುತ್ತಿತ್ತು, ಶಾಲು ಹೊದ್ದ ನಾನು ಮುಂದೆ ಬಂದು ಭಾವಾರ್ಥ ಬಿಡಿಸುತ್ತಿದ್ದೆ, ಮತ್ತೆ ಡ್ರಮ್ಸ್. ಜನ ನಕ್ಕದ್ದು ನನ್ನ ಮಾತಿಗೆ, ಮುತ್ತಿದ್ದು ಕೊಟ್ರೇಶನನ್ನು. ಭಾನುವಳ್ಳಿಯಲ್ಲಿ ನನ್ನದೇ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಕ್ಯಾಮೆರಾ ಹಿಡಿದು ಬಂದಳು. ನಾನು ಶಾಲು ಸರಿಮಾಡಿಕೊಂಡೆ. "ಸಾರ್, ಸ್ವಲ್ಪ ಈ ಕಡೆ ಸರೀರಿ, ಕೊಟ್ರೇಶಣ್ಣ ಕಾಣ್ತಿಲ್ಲ" ಎಂದಳು. ಸರಿದೆ. ಸರಿಯುತ್ತಾ ಮನಸ್ಸಿನಲ್ಲಿ ಅಂದುಕೊಂಡೆ, ನನ್ನ ಮೇಲೆ ಒಬ್ಬರಾದರೂ ಒಂದು ಸಾಲು ಬರೆಯಬಾರದೇ ದೇವರೇ, ಕೊಕ್ಕರೆಗೆ ಸಿಕ್ಕ ಭಾಗ್ಯ ಮೇಷ್ಟ್ರಿಗೆ ಬೇಡವೇ ಎಂದು.

ಕೊನೆಯ ಕಾರ್ಯಕ್ರಮ ಹರಿಹರದಲ್ಲಿ. ಅಧ್ಯಕ್ಷತೆ ಚನ್ನಬಸಪ್ಪ ಎಂಬ ನಿವೃತ್ತ ಹೆಡ್‌ಮಾಸ್ತರದು. ಅವರದೂ ಒಂದು ಕವನ ಸಂಕಲನವಿದೆ, ಅದೂ ಯಾರ ಕೈಗೂ ಸಿಕ್ಕಿಲ್ಲ ಎಂದು ಸ್ವಾಗತ ಭಾಷಣದಲ್ಲಿ ತಿಳಿಯಿತು. ಕೊಟ್ರೇಶ "ಇವತ್ತೊಂದು ಹೊಸ ಹಾಡು ಐತಿ ಭಾವ, ಗಿಟಾರು ಸಣ್ಣಗೆ ಬಾರಿಸ್ತೀವಿ, ಅಲ್ಲೇ ಕೇಳಿ ಅಲ್ಲೇ ಅರ್ಥ ಹೇಳಿಬಿಡ್ರಿ" ಎಂದಿದ್ದ. ಡ್ರಮ್ಸ್ ಬಿತ್ತು. "ಪುಸ್ತಕದಾಗ ಬೆಂಕಿ ಇಟ್ಟಾನೆ, ಪುಸ್ತಕ ಅಟ್ಟಕ್ಕೆ ಹಾಕ್ಯಾನೆ." ನನಗೆ ಖುಷಿಯಾಯಿತು. ಇಂಥ ಕವಿಗಳು ಊರಿಗೊಬ್ಬರಿದ್ದಾರೆ, ಇವರ ಕ್ರಾಂತಿಯನ್ನು ಜಿರಳೆ ಮಾತ್ರ ಓದುತ್ತದೆ ಎಂದು ವಿಸ್ತರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಎರಡನೆಯ ನುಡಿ ಬಂತು. "ಸಾರಿಗೆ ಉಪ್ಪು ಕಮ್ಮಿ ಆದ್ರೆ ಸರ್ಕಾರ ಬೀಳಂಗೆ ಕೂಗ್ತಾನೆ, ಸಾಹೇಬ್ರು ಸುಮ್ನೆ ಕೆಮ್ಮಿದ್ರೂ ಎದ್ದು ಕೈ ಕಟ್ಟಿ ನಿಲ್ತಾನೆ." ಅರ್ಥ ಹೇಳಲು ಬಾಯಿ ತೆರೆದೆ. ಮುಂದಿನ ಸಾಲಿನಲ್ಲಿ ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಕುಲುಕುತ್ತಿದ್ದಳು. ಆ ದಿನ ಬೆಳಿಗ್ಗೆಯೂ ಸಾರಿನ ವಿಷಯಕ್ಕೆ ನಾನು ಕೂಗಿದ್ದು ಬೀದಿಯ ಕೊನೆಯ ಮನೆಗೂ ಕೇಳಿತ್ತು.

ತೆರೆದ ಬಾಯಿ ತೆರೆದೇ ಇತ್ತು. ಇಡೀ ಹರಿಹರ ನನ್ನ ಬಾಯಿಯನ್ನೇ ನೋಡುತ್ತಿತ್ತು. 'ಇದು ನಾನೇ' ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಬೆವರು ಮೊದಲು ಬಂತು. "ಇಂಥ ಹಿರಿಯ ಕವಿಯೊಬ್ಬರು ನಿಮ್ಮ ಊರಿನಲ್ಲೇ ಇದ್ದಾರೆ, ಹೆಸರು ಹೇಳುವುದು ಸಭ್ಯತೆಯಲ್ಲ" ಎಂದುಬಿಟ್ಟೆ. ಹೇಳಿ ಮುಗಿಸುವುದರೊಳಗೆ ಚನ್ನಬಸಪ್ಪನವರು ಕುರ್ಚಿಯಿಂದ ಎದ್ದರು. ಎರಡೂ ಕೈ ಜೋಡಿಸಿ ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಜನ ಸೀಟಿ ಹೊಡೆದರು, ಹುಡುಗರು ಅವರನ್ನು ಎತ್ತಿ ಭುಜದ ಮೇಲೆ ಕೂರಿಸಿಕೊಂಡು ಕುಣಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೊಟ್ರೇಶ ಸಪ್ಪಗಿದ್ದ. "ಭಾವ, ಅದು ನಿಮ್ಮ ಮ್ಯಾಲೆ ಕಟ್ಟಿದ್ದು. ಅಕ್ಕನೇ ಕೂತು ಬರೆಸಿದ್ಲು. ನೀವು ಅಷ್ಟು ಸಲೀಸಾಗಿ ಬ್ಯಾರೆಯವ್ರಿಗೆ ಕೊಟ್ಟುಬಿಟ್ರಲ್ಲ" ಎಂದ. ಗಿರಿಜಾ ಕಿಟಕಿಯ ಕಡೆ ನೋಡುತ್ತಾ, "ನಿಮ್ಮ ಮ್ಯಾಲೂ ಒಂದು ಹಾಡು ಇರ್ಲಿ ಅಂತ ಬರೆಸಿದ್ನಿ ಕಣ್ರಿ" ಎಂದಳು. ಮರುದಿನದಿಂದ ನಾನು ಕಾಲೇಜಿನಲ್ಲಿ, ಹೋಟೆಲಿನಲ್ಲಿ, ಕೊನೆಗೆ ಡಾಕ್ಟರ ಹತ್ತಿರವೂ ಅದು ನಾನೇ ಎಂದು ಹೇಳಿ ನೋಡಿದೆ. "ಸುಮ್ನಿರ್ರಿ ಸಾರ್, ಅಂಥ ಹಾಡು ಯಾರ್ಯಾರ ಮ್ಯಾಲೋ ಬರಲ್ಲ" ಎಂದು ನಕ್ಕರೇ ಹೊರತು ಒಬ್ಬರೂ ನಂಬಲಿಲ್ಲ.

ಆ ಹಾಡೇ ಎಲ್ಲಕ್ಕಿಂತ ಹೆಚ್ಚು ಓಡಿತು. ಪುಸ್ತಕದಲ್ಲಿ ಎಂಥ ಬೆಂಕಿ ಇದೆಯೋ ನೋಡೋಣ ಎಂದು ಜನ ಚನ್ನಬಸಪ್ಪನವರ ಮನೆಗೇ ಹೋಗಿ ಸಂಕಲನ ಒಯ್ದರಂತೆ. ಈಗ ಅದರ ಎರಡನೆಯ ಮುದ್ರಣ ಬರುತ್ತಿದೆ. ಮೊನ್ನೆ ಅವರೇ ಹಣ್ಣಿನ ಪುಟ್ಟಿ ಹಿಡಿದು ನಮ್ಮ ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು, "ನನ್ನ ಅರ್ಥ ಲೋಕಕ್ಕೆ ತಿಳಿಸಿದೋರು ನೀವು, ಮುನ್ನುಡಿ ನೀವೇ ಬರಿಬೇಕ್ರಿ" ಎಂದರು. ಗಿರಿಜಾ ಅಡುಗೆಮನೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎದ್ದು ಕೈ ಕಟ್ಟಿ ನಿಂತು, ಎಷ್ಟು ಪುಟ ಬೇಕು ಎಂದು ಕೇಳಿದೆ.