ಖಡಕ್ ರೊಟ್ಟಿಯ ರಥಾನ್ವೇಷಣೆ

ಸಕಲ ಸುಳ್ಳುಗಳ ಜನ್ಮಭೂಮಿಯೇ, ದಂತಪಂಕ್ತಿಯೆಂಬ ಕೋಟೆಯೊಳಗೆ ಕಾವಲಿಟ್ಟು ಕೂರಿಸಿದರೂ ಬೇಡವಾದ ಗಳಿಗೆಯಲ್ಲೇ ಹೊರಗೆ ಜಿಗಿಯುವ ಎನ್ನ ಜಿಹ್ವೆಯೇ, ಮೊದಲ ನಮಸ್ಕಾರ ನಿನಗೆ. ಕೆಡಿಸಿದವಳು ನೀನು, ಹಾಡಬೇಕಾದವಳೂ ನೀನೇ. ಕೂತುಕೋ, ಶುರುಮಾಡೋಣ.

ಕಲಿಯುಗವು ಊಟ ಮುಗಿಸಿ ಮಧ್ಯಾಹ್ನದ ಜೋಂಪಿನಲ್ಲಿದ್ದ ಕಾಲದಲ್ಲಿ, ಅಷ್ಟದಿಕ್ಕುಗಳಲ್ಲೂ ರಸ್ತೆಯುಬ್ಬುಗಳೆಂಬ ಕಿರುಪರ್ವತಗಳು ತಲೆಯೆತ್ತಿ, ಗುಂಡಿಗಳೆಂಬ ಪಾತಾಳಗಳು ಬಾಯಿತೆರೆದು ನಿಂತಿದ್ದ ಯುಗದಲ್ಲಿ, ಗದಗ ನಗರದ ಬೆಟಗೇರಿಯೆಂಬ ಪುಣ್ಯಭಾಗದಲ್ಲಿ, ಹುರಕಡ್ಲಿವಂಶವಾರಿಧಿಚಂದ್ರನೂ, ಸಹಕಾರ ಇಲಾಖೆಯ ಕಡತಕಾನನದಲ್ಲಿ ಮೂವತ್ತೊಂದು ವರ್ಷ ಸಂಚರಿಸಿ ಮೈಮೇಲೆ ಒಂದು ಗೀರೂ ಇಲ್ಲದೆ ನಿವೃತ್ತನಾದ ಧೀರನೂ ಆದ ಗುರುಸಿದ್ಧಪ್ಪನೆಂಬ ಮಹಾರಥಿ ಇದ್ದನು. ಮಹಾರಥಿ ಎಂದೆನಲ್ಲ, ರಥ ಇರಲಿಲ್ಲ. ಒಂದು ಸ್ಕೂಟರ್ ಇತ್ತು.

ಇಲ್ಲೇ ಹೇಳಿಬಿಡುತ್ತೇನೆ: ಈ ಕಥೆ ಹಾಡುವ ನಾನೂ ಆ ಗುರುಸಿದ್ಧಪ್ಪನೂ ಒಂದೇ ಜೋಡು ಚಪ್ಪಲಿ ಮೆಟ್ಟುವವರು. ಅಂದರೆ ನಾನೇ ಅವನು. ಆದರೆ ಮಾಡಿದ ಕೆಲಸ ಎಂಥದೆಂದರೆ, ‘ನಾನು’ ಎನ್ನಲು ನಾಚಿಕೆಯಾಗುತ್ತದೆ, ‘ಅವನು’ ಎಂದರೆ ಬೈಯಲು ಸಲೀಸು. ಸದ್ಯಕ್ಕೆ ‘ಅವನು’ ಇರಲಿ.

ಆತನ ಧರ್ಮಪತ್ನಿ, ರೊಟ್ಟಿತಟ್ಟುವಿದ್ಯಾಪಾರಂಗತೆ, ತಪ್ತಲೋಹಹಂಚಿನ ಮುಂದೆ ನಿರ್ಭಯೆ, ಜೋಳದ ಹಿಟ್ಟನ್ನು ಹಪ್ಪಳಕ್ಕಿಂತ ತೆಳ್ಳಗೆ ತಟ್ಟಿ, ಬಿಸಿಲಿಗಿಟ್ಟು, ಕೈಬೆರಳು ತಾಗಿದರೆ ಟಣ್ಣೆನ್ನುವಂತೆ ಒಣಗಿಸಬಲ್ಲ ಕಸ್ತೂರಿ. ಗಂಡ ನಿವೃತ್ತನಾಗಿ ಮೂರನೆಯ ದಿನಕ್ಕೆ, “ನೀವು ಮನ್ಯಾಗ ಕುಂತು ನನ್ನ ತಲಿ ತಿನ್ನೂದಕಿಂತ ಒಂದು ಉದ್ಯೋಗ ಮಾಡೂಣ್ರೀ” ಎಂದು ಖಡಕ್ ರೊಟ್ಟಿಯ ವ್ಯಾಪಾರ ತೆರೆದಳು. ಮೊದಲ ದೊಡ್ಡ ಆರ್ಡರು ರೋಣದ ಒಂದು ನಿಶ್ಚಿತಾರ್ಥಕ್ಕೆ, ಇನ್ನೂರು ರೊಟ್ಟಿ. ನಮ್ಮ ವೀರ ಅದನ್ನು ಸ್ಕೂಟರಿನ ಮುಂದೆ ಎರಡು ಕಾಲಿನ ನಡುವೆ ಇಟ್ಟುಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು, ದಾರಿಯಲ್ಲಿ ಸಿಕ್ಕ ಪಾತಾಳವೊಂದನ್ನೂ ಬಿಡದೆ ಇಳಿದು ಹತ್ತಿ ತಲುಪಿಸಿದನು. ಆ ಮನೆಯ ಹಿರಿಯಳು ಬುಟ್ಟಿಯ ಅರಿವೆ ಸರಿಸಿ, “ಯವ್ವಾ, ಇದು ರೊಟ್ಟಿನೋ, ಗುಬ್ಬಿಗೆ ಹಾಕೂ ನುಚ್ಚೋ?” ಎಂದು ಕೇಳಿದಳು.

ಕಸ್ತೂರಿ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. “ಇನ್ನೊಂದು ಸಲ ಹಿಂಗಾತಂದ್ರ ಹಂಚು ಬೋರಲು ಹಾಕಿಬಿಡ್ತೀನಿ. ನನ್ನ ಕೈಯಾಗಿನ ರೊಟ್ಟಿ ಮಂದಿ ಮುಂದ ಪುಡಿ ಆಗೂದು ನೋಡಾಕ ಆಗೂದಿಲ್ಲ ನನಗ” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಒಂದು ಗಾಡಿ ತಗೋಳ್ಳೂಣು. ರೊಟ್ಟಿ ಮುರೀಬಾರದು. ರೊಟ್ಟಿ ಇಲ್ಲದ ದಿನ ನಾವಿಬ್ರೂ ಬುತ್ತಿ ಕಟಗೊಂಡು ಹೊಳಿ ದಂಡಿಗೆ ಹೋಗಬೇಕು. ಮದುವಿ ಆದಾಗಿಂದ ಸ್ಕೂಟರ್ ಹಿಂದ ಕುಂತು ನಿಮ್ಮ ಬೆನ್ನು ಬಿಟ್ಟು ಮತ್ತೇನೂ ನೋಡಿಲ್ಲ ನಾನು. ನೀವು ಹೆಂಗೂ ಜೀಪ್ ಹೊಡದವರು.”

ಅಯ್ಯೋ, ಆ ಕೊನೆಯ ಮಾತು!

ಶ್ರೋತೃಗಳೇ, ಇಪ್ಪತ್ತೆಂಟು ವರ್ಷ ಹಿಂದೆ ಹೋಗೋಣ. ಕನ್ಯೆ ನೋಡಲು ಹೋದ ದಿನ, ಅವಲಕ್ಕಿಯ ಬಟ್ಟಲು ಮುಂದಿಟ್ಟು ಭಾವೀ ಮಾವ ಕೇಳಿದ್ದು ಇಷ್ಟೇ: “ಆಫೀಸಿಗೆ ಹೆಂಗ ಅಡ್ಡಾಡ್ತೀರಿ?” ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಅಂಚು ಕಾಣುತ್ತಿತ್ತು. ಆ ಅಂಚನ್ನು ಕಂಡು ಮೈಮರೆತ ವೀರನ ಜಿಹ್ವೆ, “ಇಲಾಖೆ ಜೀಪ್ ಐತ್ರಿ, ನಾನಽ ಹೊಡೀತೀನಿ” ಎಂದಿತು. ಜೀಪು ಇದ್ದದ್ದು ನಿಜ. ಹೊಡೆಯುತ್ತಿದ್ದವನು ಡ್ರೈವರ್ ಫಕೀರಪ್ಪ. ಅವನಿಗೆ ಮನಸ್ಸು ಬಂದ ದಿನ ಪಕ್ಕದಲ್ಲಿ ಕೂತ ಗುರುಸಿದ್ಧಪ್ಪನಿಗೆ ಹಾರ್ನ್ ಬಾರಿಸಲು ಬಿಡುತ್ತಿದ್ದ. ನಾಲ್ಕು ಚಕ್ರದ ವಾಹನವಿದ್ಯೆಯಲ್ಲಿ ನಮ್ಮ ಮಹಾರಥಿಯ ಸಮಸ್ತ ಪಾಂಡಿತ್ಯ ಆ ಹಾರ್ನ್ ಒಂದೇ.

ಆದರೂ ನಿಜ ಹೇಳುವ ಬದಲು ವೀರನು ಎದೆಯುಬ್ಬಿಸಿ ದಿಗ್ವಿಜಯಕ್ಕೆ ಹೊರಟನು. ಎರಡೂವರೆ ತಿಂಗಳು ನಡೆಯಿತು ಆ ಯಾತ್ರೆ.

ಮೊದಲ ಸಮರಾಂಗಣ, ಹುಬ್ಬಳ್ಳಿ ರಸ್ತೆಯ ಗಾಜುಮಂದಿರ. ಅಲ್ಲಿ ನೂತನ ಲಘುಭಾರವಾಹಿನಿಯೊಂದು, ಅಂದರೆ ತರಕಾರಿ ಸಾಗಿಸುವಂಥ ಸಣ್ಣ ಟ್ರಕ್ಕು, ಹಳದಿ ಮೈಯಿಂದ ಹೊಳೆಯುತ್ತಿತ್ತು. ಟೈ ಕಟ್ಟಿದ ತರುಣನೊಬ್ಬ ಕೀಲಿ ಚಾಚಿ, “ಸರ್, ಒಂದು ರೌಂಡ್ ಹೊಡದು ನೋಡ್ರಿ” ಎಂದನು. ಸಿಡಿಲು ಹೊಡೆದಂತಾಯಿತು. ಆದರೆ ಹುರಕಡ್ಲಿವಂಶದವರು ಸಿಕ್ಕಿಬಿದ್ದ ಕೂಡಲೇ ಭಾಷಣಕ್ಕೆ ಇಳಿಯುವವರು.

“ಎಲೈ ಕಂಠಕೌಪೀನಧಾರಿಯಾದ ಮಾರಾಟಪ್ರವೀಣನೇ! ಪುರಾಣ ಕೇಳಿದವನಾದರೆ ನಿನಗೆ ತಿಳಿದಿರಬೇಕು, ಸಾರಥಿ ಬೇರೆ, ರಥಿ ಬೇರೆ! ಕುದುರೆಯ ಲಗಾಮು ಹಿಡಿದವನಿಗೆ ಯುದ್ಧ ಕಾಣುವುದಿಲ್ಲ. ಗಾಡಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಸ್ಟೇರಿಂಗಿಗೆ ಗೊತ್ತಾಗುವ ವಿಷಯವಲ್ಲ, ರೊಟ್ಟಿಗೆ ಗೊತ್ತಾಗುವ ವಿಷಯ. ನೀನು ಹೊಡಿ. ನಾನು ಹಿಂದೆ ಕೂತು ರೊಟ್ಟಿಪರೀಕ್ಷೆ ಮಾಡುತ್ತೇನೆ!”

ಹೀಗೆ, ಮರ್ಯಾದೆ ಉಳಿಸಿಕೊಳ್ಳುವ ಅವಸರದಲ್ಲಿ, ಜಗತ್ಪ್ರಸಿದ್ಧವಾಗಬೇಕಾಗಿದ್ದ ರೊಟ್ಟಿಪರೀಕ್ಷೆಯು ಹುಟ್ಟಿತು. ಗಾಡಿಯಲ್ಲಿ ಹಿಡಿಸುತ್ತದೋ ನೋಡಲೆಂದು ಕಸ್ತೂರಿ ಜೊತೆಗೆ ತಂದಿದ್ದ ಬುಟ್ಟಿಯಲ್ಲಿ ಇಪ್ಪತ್ತೈದು ಖಡಕ್ ರೊಟ್ಟಿ, ಮೇಲೆ ಅರಿವೆ, ಬುಟ್ಟಿ ತೊಡೆಯ ಮೇಲೆ, ಎರಡೂ ಕೈ ಅಂಚಿನ ಮೇಲೆ. ಕಸ್ತೂರಿ ಮುಂದೆ ಕೂತಳು. ಮುಂದೆ ಎರಡೇ ಸೀಟು ಇದ್ದದ್ದರಿಂದ ರಥಿಯು ಹಿಂದಿನ ತೆರೆದ ತೊಟ್ಟಿಯಲ್ಲಿ ಚಕ್ಕಳಮಕ್ಕಳ ಹಾಕಿದನು. ರೊಟ್ಟಿ ಮುರಿಯಲಿಲ್ಲ. ವೀರನು ಮಾತ್ರ ಧೂಳಿನಲ್ಲಿ ಗುರುತು ಸಿಗದಂತಾಗಿ ಇಳಿದನು. “ರೊಟ್ಟಿಗೇನೋ ಚೊಲೋ ಐತ್ರಿ. ಆದ್ರ ಹೊಳಿ ದಂಡಿಗೆ ಹೋಗೂ ದಿನ ನೀವು ಹಿಂದ ಕೊತಂಬ್ರಿ ಸಿವುಡಿನ ಹಂಗ ಬರ್ತೀರೇನು?” ಎಂದಳು ಕಸ್ತೂರಿ. ಅದನ್ನು ಬಿಟ್ಟರು.

ಎರಡನೆಯದು ರಕ್ತವರ್ಣದ ಎತ್ತರದ ಕಾರು, ನೆತ್ತಿಯಲ್ಲಿ ಗಗನದರ್ಶನಗವಾಕ್ಷವುಳ್ಳದ್ದು. ಗುಂಡಿ ಒತ್ತಿದರೆ ಛಾವಣಿ ಸರಿದು ಆಕಾಶ ಕಾಣುತ್ತಿತ್ತು. ವೀರನು ಅದನ್ನು ಕಂಡದ್ದೇ ತಡ, ವ್ಯಾಪಾರವನ್ನೂ ಹೆಂಡತಿಯನ್ನೂ ಮರೆತು, ಕತ್ತು ಮೇಲೆ ಮಾಡಿಕೊಂಡು ಆ ತೂತಿನ ಕೆಳಗೆ ಬಹಳ ಹೊತ್ತು ಕೂತನು. ರೊಟ್ಟಿಯ ಬುಟ್ಟಿ ಹಿಂದಿನ ಬಾಗಿಲಲ್ಲಿ ಅಡ್ಡ ಹಿಡಿದರೂ ಹೋಗಲಿಲ್ಲ, ಓರೆ ಹಿಡಿದರೂ ಹೋಗಲಿಲ್ಲ. “ಆಕಾಶಕ್ಕ ಬಾಗಲ ಮಾಡ್ಯಾರ, ಬುಟ್ಟಿಗೆ ಮಾಡಿಲ್ಲ. ಏಳ್ರಿ ಮ್ಯಾಲೆ” ಎಂದಳು ಆಕೆ. ಅವನು ಹಿಂದೆ ತಿರುಗಿ ತಿರುಗಿ ನೋಡುತ್ತ ಎದ್ದು ಬಂದನು.

ಮೂರನೆಯದು ಗಿರಿಕಂದರಲಂಘನಪಟುವಾದ ಜೀಪು. ಜೀಪೆಂದರೆ ಅವನಿಗೆ ಹಳೆಯ ಸುಳ್ಳಿನ ಋಣ, ಬಿಡಲಾಗಲಿಲ್ಲ. ಮೊದಲ ರಸ್ತೆಯುಬ್ಬಿನಲ್ಲೇ ರೊಟ್ಟಿಗಳೂ ರಥಿಯೂ ಒಟ್ಟಿಗೆ ಮೇಲೆದ್ದರು, ಬೇರೆಬೇರೆಯಾಗಿ ಕೆಳಗೆ ಬಂದರು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ಪುಡಿ. ಆ ಏಟಿಗೆ, ಆದಿಯಲ್ಲಿ ನಾನು ಸ್ತುತಿಸಿದ ಜಿಹ್ವೆಯು ಹಲ್ಲಿಗೆ ಸಿಕ್ಕಿ ಊದಿಕೊಂಡಿತು. ಎರಡು ದಿನ ಮಾತಾಡಲಾಗಲಿಲ್ಲ, ಮನೆಯಲ್ಲಿ ಬಹಳ ಶಾಂತಿ ಇತ್ತು.

ಈ ಎಲ್ಲ ಸಮರಗಳ ನಡುವೆ ಕಸ್ತೂರಿ ದಿನಾ ಬೆಳಿಗ್ಗೆ ಏಳಕ್ಕೆ, “ಜೋಳ ಬೀಸಿಸಿಕೊಂಡು ಬರ್ತೀನ್ರೀ” ಎಂದು ಗಿರಣಿಗೆ ಹೋಗಿ ಒಂದೂವರೆ ತಾಸಿಗೆ ಮರಳುತ್ತಿದ್ದಳು. ಗಿರಣಿ ಇದ್ದದ್ದು ನಾಲ್ಕನೇ ಮನೆ. ಚಕ್ರದಿಂದ ಚಕ್ರಕ್ಕೆ ಅಂತರವೆಷ್ಟು, ನೆಲದಿಂದ ಗಾಡಿಯ ಹೊಟ್ಟೆಗೆ ಎತ್ತರವೆಷ್ಟು ಎಂದು ಟೇಪು ಹಿಡಿದು ಅಳೆಯುತ್ತಿದ್ದ ಸೂಕ್ಷ್ಮದರ್ಶಿಗೆ, ಹೆಂಡತಿಯ ಸೀರೆಯ ಮೇಲೆ ಹಿಟ್ಟು ಬಿದ್ದಿಲ್ಲವೆಂಬುದು ಒಂದು ದಿನವೂ ಕಾಣಲಿಲ್ಲ. ಇಂಥವನಿಗೆ ಏನು ಹೇಳಬೇಕು, ನೀವೇ ಹೇಳಿ.

ಕಡೆಗೆ ಹಳೇ ಗಾಡಿಗಳ ವ್ಯಾಪಾರಿ ರಾಜೇಸಾಬ ನದಾಫನ ಬಯಲಿನಲ್ಲಿ, ಬೇವಿನ ಮರದ ಕೆಳಗೆ, ಮೋಟುಮೂತಿಯ ಬಿಳಿ ವ್ಯಾನೊಂದು ಸಿಕ್ಕಿತು. ಮೊದಲು ಕನ್ನಡಕದ ವ್ಯಾಪಾರಿಯ ಬಳಿ ಇದ್ದದ್ದು. “ಗಾಜಿನ ಸಾಮಾನು ಒಯ್ದ ಗಾಡಿ ರೀ ಇದು, ಹೂವಿನಂಗ ಹೊಡದಾರ” ಎಂದನು ರಾಜೇಸಾಬ. ಹಿಂದಿನ ಸೀಟು ಮಡಚಿದರೆ ರೊಟ್ಟಿಗೆ ಅರಮನೆ, ಬಿಚ್ಚಿದರೆ ವಿಹಾರಕ್ಕೆ ಸಿಂಹಾಸನ. ರೊಟ್ಟಿಪರೀಕ್ಷೆಯಲ್ಲಿ ಇಪ್ಪತ್ತೈದರಲ್ಲಿ ಇಪ್ಪತ್ನಾಲ್ಕು ಗಟ್ಟಿಯಾಗಿ ಉಳಿದವು, ಒಂದರ ಅಂಚು ಸ್ವಲ್ಪ ಮುಕ್ಕಾಯಿತು.

“ಯಜಮಾನ್ರ, ತಗೊಳ್ಳೂ ಮುಂಚೆ ಒಮ್ಮೆ ನೀವೂ ಸ್ಟೇರಿಂಗ್ ಹಿಡೀರಿ” ಎಂದನು ರಾಜೇಸಾಬ.

“ರಾಜೇಸಾಬ! ಈ ಬಾಹುಗಳು ಜೀಪಿನ ಕಾಲದ ಬಾಹುಗಳು. ಸರಕಾರದ ಉಕ್ಕನ್ನು ಪಳಗಿಸಿದ ಮುಷ್ಟಿ ಇದು. ನಾನು ಹಿಡಿದರೆ ಈ ಸುಕುಮಾರಿಯ ಸ್ಟೇರಿಂಗು ಕಿತ್ತು ಕೈಗೆ ಬಂದೀತು, ಪಾಪ ನಿನಗಽ ಲುಕ್ಸಾನು!”

ಕಸ್ತೂರಿಗೆ ಕೆಮ್ಮು ಬಂದು ಸೆರಗು ಬಾಯಿಗೆ ಹಿಡಿದುಕೊಂಡಳು. ವ್ಯವಹಾರ ಕುದುರಿತು. ಶನಿವಾರ ಸಂಜೆ ರಾಜೇಸಾಬ ತಾನೇ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿ, ಚಹಾ ಕುಡಿದು, ಬಸ್ಸು ಹತ್ತಿ ಹೋದನು.

ರವಿವಾರ ಹೊಳೆಆಲೂರಿನಲ್ಲಿ ಗೃಹಪ್ರವೇಶ. ಆರುನೂರು ರೊಟ್ಟಿ, ಹನ್ನೊಂದು ಗಂಟೆಯೊಳಗೆ. ಕಸ್ತೂರಿ ನಾಲ್ಕು ದಿನ ತಟ್ಟಿದ್ದಳು, ಅಂಗೈ ಕೆಂಪಾಗಿ ಹೋಗಿತ್ತು. ಸಮೀಪದಲ್ಲೇ ಮಲಪ್ರಭೆ ಇದೆಯೆಂದು ಬುತ್ತಿಯನ್ನೂ ಕಟ್ಟಿದ್ದಳು. ನಮ್ಮ ವೀರ ಗುಟ್ಟಾಗಿ ಒಬ್ಬ ಬಾಡಿಗೆ ಡ್ರೈವರನಿಗೆ ಹೇಳಿಟ್ಟಿದ್ದ, ‘ಮೊಣಕೈ ಉಳುಕಿದೆ’ ಎಂಬ ನೆಪವನ್ನೂ ಸಿದ್ಧಮಾಡಿಟ್ಟಿದ್ದ. ಎಂಟು ಗಂಟೆಗೆ ಬರುತ್ತೇನೆಂದ ಪುಣ್ಯಾತ್ಮ ಬರಲಿಲ್ಲ. ಫೋನು ಸ್ವಿಚ್ ಆಫ್.

ಎಂಟೂವರೆ. ಚೆಂಡುಹೂವಿನ ಮಾಲೆ ಧರಿಸಿ, ನಾಲ್ಕು ಚಕ್ರದಡಿ ನಾಲ್ಕು ಲಿಂಬೆಹಣ್ಣು ಇಟ್ಟುಕೊಂಡು, ಗರ್ಭದಲ್ಲಿ ಆರುನೂರು ರೊಟ್ಟಿ ಹೊತ್ತು ಬಿಳಿರಥವು ನಿಂತಿತ್ತು. ಓಣಿಯವರೆಲ್ಲ ಕಟ್ಟೆಗಳ ಮೇಲೆ ಬಂದು ನಿಂತಿದ್ದರು. ವೀರನು ತೆಂಗಿನಕಾಯಿ ಒಡೆದನು, ಮತ್ತೊಂದು ಒಡೆದನು, ಊದುಬತ್ತಿ ಮೂರು ಸುತ್ತು ಹೆಚ್ಚೇ ಬೆಳಗಿದನು. ಬೆಳಗಲು ಇನ್ನೇನೂ ಉಳಿಯಲಿಲ್ಲ. ಕೀಲಿ ಹಿಡಿದು ಸಾರಥಿಪೀಠವನ್ನೇರಿದನು. ಕಾಲ ಕೆಳಗೆ ಮೂರು ತುಳಿಗೆ, ಕಾಲು ಎರಡೇ. ಯಾವುದು ಓಡಿಸುವುದು, ಯಾವುದು ನಿಲ್ಲಿಸುವುದು, ಅವನಪ್ಪನಿಗೂ ಗೊತ್ತಿರಲಿಲ್ಲ.

ಕನ್ನಡಿಯಲ್ಲಿ ಹಿಂದಿನ ಬುಟ್ಟಿಗಳು ಕಂಡವು. ಸುಮ್ಮನೆ ಒಂದು ತುಳಿದು, ಗಾಡಿ ಎಲ್ಲಿಗಾದರೂ ಗುದ್ದಿ, ‘ಬ್ರೇಕ್ ಕೆಟ್ಟಿದೆ’ ಎಂದುಬಿಡಬಹುದಿತ್ತು. ಆದರೆ ಆ ರೊಟ್ಟಿ ಒಂದೊಂದರ ಮೇಲೂ ಅವಳ ಬೆರಳಿನ ಗುರುತಿತ್ತು. ರೋಣದಿಂದ ಬಂದ ಸಂಜೆ ಅವಳು ಅತ್ತದ್ದು ನೆನಪಾಯಿತು.

“ಕಸ್ತೂರೀ,” ಎಂದನು, ಕಿಟಕಿಯ ಹೊರಗೆ ನಿಂತಿದ್ದವಳಿಗೆ, ಮೆಲ್ಲಗೆ, “ನನಗ ಗಾಡಿ ಹೊಡಿಯಾಕ ಬರೂದಿಲ್ಲ.”

“ಗೊತ್ತೈತ್ರಿ.”

“ಜೀಪ್ ಸೈತ ಹೊಡದಿಲ್ಲ. ಹಾರ್ನ್ ಅಷ್ಟಽ.”

“ಅದೂ ಗೊತ್ತೈತಿ. ಮದುವಿ ಆದ ಎಂಟು ದಿನಕ್ಕ ಫಕೀರಪ್ಪನ ಹೇಣ್ತಿ ನೀರಿನ ನಳದ ಹತ್ರ ಹೇಳಿ ನಕ್ಕಿದ್ಲು.”

“ಮತ್ತ ಇಪ್ಪತ್ತೆಂಟು ವರ್ಷ ಯಾಕ ಸುಮ್ಮನಿದ್ದಿ?”

“ನೀವಾಗೇ ಹೇಳ್ತೀರಿ ಅಂತ ಕಾದ್ನಿ. ಮನ್ಯಾಗ ಜೀಪರ ಎಲ್ಲಿತ್ತು, ಅವಸರ ಮಾಡಾಕ?” ಎಂದವಳೇ ಕೈಚೀಲದಿಂದ ಒಂದು ಕಾರ್ಡು ತೆಗೆದು ಅವನ ಕೈಯಲ್ಲಿಟ್ಟಳು. ಲೈಸೆನ್ಸು. ಅವಳದೇ ಫೋಟೋ, ಅವಳದೇ ಹೆಸರು. “ಜೋಳ ಬೀಸಾಕ ಒಂದೂವರೆ ತಾಸು ಹತ್ತತೈತೇನ್ರಿ ಯಾರಿಗರ? ಇಳೀರಿ ಕೆಳಗ, ಹೊತ್ತಾತು.”

ಇಲ್ಲಿಂದ ‘ಅವನು’ ಸಾಕು. ಇಳಿದವನು ನಾನು.

ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ ಮೈ ಹಗುರಾಯಿತು. ಮುಂದಿನ ಬಾಗಿಲಿಗೆ ಕೈ ಹಾಕಿದೆ. “ಅಲ್ಲಲ್ಲ, ಹಿಂದ ಕುಂದರ್ರಿ,” ಎಂದಳು. “ಮ್ಯಾಲಿನ ಬುಟ್ಟಿ ಅಲ್ಲಾಡತಾವ, ಹಿಡಕೋರಿ. ಎರಡೂವರೆ ತಿಂಗಳು ರೂಢಿ ಮಾಡೀರಲ್ಲ.”

ಲಿಂಬೆಹಣ್ಣುಗಳು ಚಟ್ಟೆಂದವು. “ಅಯ್ಯ, ಹುರಕಡ್ಲಿಯವರು ಹಿಂದ ಕುಂತಾರಲ್ಲೇ!” ಎಂದು ಯಾರೋ ಕೂಗಿದರು. ನಾನು ಬುಟ್ಟಿ ಬಿಟ್ಟು ಕೈಬೀಸಲು ಹೋಗಲಿಲ್ಲ. ಕಿರುಪರ್ವತಗಳನ್ನು ಏರಿ, ಪಾತಾಳಗಳನ್ನು ಬಳಸಿ, ಬೆಟಗೇರಿಯ ರಥಸಾರಥಿಣಿ ಹತ್ತೂಕಾಲು ಗಂಟೆಗೆ ಹೊಳೆಆಲೂರು ಮುಟ್ಟಿಸಿದಳು. ಆ ಮನೆಯವರು ಅರಿವೆ ಸರಿಸಿ, ಒಂದೊಂದಾಗಿ ಎತ್ತಿ, ಬೆರಳಿನಿಂದ ಬಡಿದು ನೋಡಿದರು. ಆರುನೂರರಲ್ಲಿ ಮುರಿದದ್ದು ನಾಲ್ಕು. ಕಸ್ತೂರಿ ನನ್ನ ಕಡೆ ನೋಡಿದಳು. ಮುಖ ಬೆಳಗಿತ್ತು.

ಮುರಿದ ನಾಲ್ಕನ್ನು ಮಲಪ್ರಭೆಯ ದಂಡೆಯಲ್ಲಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಜೊತೆ ಉಂಡೆವು. ಅವಳು ಹೊಳೆ ನೋಡಿದಳು, ಬಹಳ ಹೊತ್ತು ನೋಡಿದಳು. ನಡುವೆ ನನ್ನ ಬೆನ್ನು ಇರಲಿಲ್ಲ.

ವಾಪಸು ಬರುವಾಗ ಬುಟ್ಟಿ ಖಾಲಿ, ಮುಂದೆ ಕೂರಲು ಅಪ್ಪಣೆಯಾಯಿತು. ಊರ ಹೊರಗೆ ಎಮ್ಮೆಯೊಂದು ರಸ್ತೆಯ ನಟ್ಟನಡುವೆ ನಿಂತಿತ್ತು. ಕಸ್ತೂರಿ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಹಾರ್ನ್ ನೀವಽ ಬಾರಸ್ರಿ.”

ಆಗ ಹುರಕಡ್ಲಿವಂಶವಾರಿಧಿಚಂದ್ರನೂ ರೊಟ್ಟಿಪರೀಕ್ಷಾಪ್ರವರ್ತಕನೂ ಆದ ನಾನು, ಇಪ್ಪತ್ತೆಂಟು ವರ್ಷಗಳ ಸಕಲ ಅನುಭವವನ್ನೂ ಬಲಗೈಯ ಹೆಬ್ಬೆರಳಿಗೆ ತಂದು, ಪಕ್ಕದ ಸೀಟಿನಿಂದ ಬಾಗಿ, ದಿಕ್ಕುಗಳು ನಡುಗುವಂತೆ ಹಾರ್ನ್ ಬಾರಿಸಿದೆ.

ಎಮ್ಮೆ ಅಲ್ಲಾಡಲಿಲ್ಲ. ಇಳಿದು ಹೋಗಿ ಅಟ್ಟಿ ಬಂದೆ.